ಮಂದಿ ಮನಿ ಕಟ್ಟಿದವರ ಮಾಳಿಗೆ ಸೋರುತ್ತಿದೆ!

ದೀಪಾವಳಿ ರಜೆ ಬಂತೆಂದರೆ ಸೇಡಂ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಬೊಂಬಾಯಿ, ಪುಣೆ ಕಡೆಯವರು ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ ಬರುತ್ತಾರೆ. ಹೈದರಾಬಾದಿನವರು ತಾಂಡೂರು ದಾಟಿ ಬರುತ್ತಾರೆ. ತಲೆಯ ಮೇಲೆ ಚೀಲ, ಕಂಕುಳಲ್ಲಿ ಕೂಸು, ಕೈಯಲ್ಲಿ ಮಿಠಾಯಿ ಡಬ್ಬಿ. ಚಿಂಚೋಳಿಗೆ ಹೋಗುವವರ ಪಾಡು ಕೇಳುವುದೇ ಬೇಡ. ಅಲ್ಲಿಗೆ ರೈಲಿಲ್ಲ. ಬಸ್ಸು ತುಂಬಿದರೆ ಕ್ರೂಸರೇ ಗತಿ. ಹತ್ತು ಮಂದಿ ಕೂಡುವ ಗಾಡಿಯಲ್ಲಿ ಹದಿನೆಂಟು ಮಂದಿ, ಅದರ ಮೇಲೆ ಗಂಟುಮೂಟೆ.

ಚಹದ ಅಂಗಡಿ ಮುಂದೆ ನಿಂತಿದ್ದ ಒಬ್ಬ ಗೌಂಡಿಯನ್ನು ಮಾತಿಗೆಳೆದೆ.

"ಎಲ್ಲಿಂದ ಬಂದ್ರಿ ಅಣ್ಣಾರ?"

"ಪುಣಾದಿಂದ್ರಿ. ಹದಿಮೂರನೇ ಅಂತಸ್ತಿಗಿ ಸ್ಲ್ಯಾಬ್ ಹಾಕಿ ಬಂದೀವಿ."

"ಊರಾಗ ನಿಮ್ಮ ಮನಿ ಹ್ಯಾಂಗದ?"

ಆತ ನಕ್ಕ. "ಮಾಳಗಿ ಸೋರತದ್ರಿ. ಹಿಂದಿನ ಗ್ವಾಡಿ ಹೊಟ್ಟಿ ಬಿಟ್ಟದ. ಕಟ್ಟಿಗಿ ಆಸರ ಕೊಟ್ಟು ನಿಲ್ಲಿಸೀವಿ. ವರ್ಷಾನಗಟ್ಲೆ ಮಂದಿ ಮನಿ ಕಟ್ಟತೀವಿ, ನಮ್ಮದಕ್ಕ ಯಾಳೇನ ಸಿಗವಲ್ದು."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದು ಖರ್ಚಿನ ಮಾತು. ಈ ಅಣ್ಣನ ಕಷ್ಟ ಬೇರೆ. ಕಟ್ಟುವ ವಿದ್ಯೆ ಗೊತ್ತಿದೆ, ಕೈಯಲ್ಲಿ ಕರಣಿ ಇದೆ, ವರ್ಷವಿಡೀ ಗಾಡಿಯಲ್ಲಿ ಊರೂರು ತಿರುಗುತ್ತಾನೆ. ಆದರೆ ಆ ಗಾಡಿ ಅವನ ಮನೆಯ ಮುಂದೆ ನಿಲ್ಲುವುದು ಹಬ್ಬದ ನಾಲ್ಕು ದಿನ ಮಾತ್ರ.

ಅಲ್ಲೂ ವ್ಯಾನು, ಇಲ್ಲೂ ವ್ಯಾನು

ಈ ಮಾತು ಕೇಳಿದಾಗ ದೂರದ ಅಮೆರಿಕೆಯ ಒಂದು ಪದ್ಧತಿ ನೆನಪಾಯಿತು. ಅಲ್ಲಿ ನೌಕರಿಯಿಂದ ನಿವೃತ್ತರಾದ ಗಂಡ ಹೆಂಡತಿ ಒಂದು ದೊಡ್ಡ ವ್ಯಾನು ಇಟ್ಟುಕೊಳ್ಳುತ್ತಾರೆ. ಅದರಲ್ಲೇ ಹಾಸಿಗೆ, ಅದರಲ್ಲೇ ಒಲೆ. ದೇಶ ನೋಡುತ್ತ ಹೋಗುತ್ತಾರೆ. ಇವರಲ್ಲಿ ಒಂದಿಷ್ಟು ಜನ ಬರೀ ನೋಡುತ್ತ ಹೋಗುವುದಿಲ್ಲ. ಯಾವುದೋ ಊರಿನಲ್ಲಿ ಬಡವರ ಮನೆ ಏಳುತ್ತಿದೆ ಎಂದು ತಿಳಿದರೆ ನಾಲ್ಕಾರು ವ್ಯಾನುಗಳು ಅಲ್ಲಿ ಕೂಡುತ್ತವೆ. ಎರಡು ವಾರ ನಿಂತು ಮೊಳೆ ಹೊಡೆದು, ಬಣ್ಣ ಬಳಿದು, ಮುಂದಿನ ಊರಿಗೆ ಹೋಗುತ್ತವೆ. ಕೂಲಿ ಇಲ್ಲ. ಊಟ, ಪೆಟ್ರೋಲು ಅವರದೇ. ಊರವರು ಕೊಡುವುದು ವ್ಯಾನು ನಿಲ್ಲಿಸಲು ಜಾಗ, ನೀರು, ಕರೆಂಟು ಇಷ್ಟೇ.

ಇದನ್ನು ನಡೆಸುವುದು ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಎಂಬ ಸಂಸ್ಥೆ. 1976ರಲ್ಲಿ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಸಣ್ಣ ಊರಿನಲ್ಲಿ ಮಿಲಾರ್ಡ್ ಫುಲ್ಲರ್, ಲಿಂಡಾ ಫುಲ್ಲರ್ ದಂಪತಿಗಳು ಇದನ್ನು ಶುರು ಮಾಡಿದರು. ಇದರ ಕಾಯ್ದೆ ನಮ್ಮ ಅಂಗಡಿಕಾರರಿಗೆ ಮೆಚ್ಚುಗೆಯಾದೀತು. ಮನೆ ಪುಕ್ಕಟೆ ಅಲ್ಲ. ಮನೆಯವರು ಲಾಭವಿಲ್ಲದ ದರದಲ್ಲಿ ಕಂತು ಕಟ್ಟಬೇಕು. ಕೆಲಸದಲ್ಲಿ ತಾವೂ ಬೆವರು ಸುರಿಸಬೇಕು. ಬಂದ ಹಣ ಮುಂದಿನ ಮನೆಗೆ ಹೋಗುತ್ತದೆ.

ಇನ್ನೊಂದು ಮಾತು. ವ್ಯಾನಿನವರು ಬಹುಮಂದಿ ಗೌಂಡಿಗಳಲ್ಲ. ಮಾಸ್ತರಿಕೆ ಮಾಡಿದವರು, ಆಫೀಸಿನಲ್ಲಿ ಕುಳಿತವರು. ಆ ಊರಿನ ಮೇಸ್ತ್ರಿ ಹೇಳಿದಂತೆ ಕೇಳಿ ಕೆಲಸ ಮಾಡುತ್ತಾರೆ. ಹುಮ್ಮಸ್ಸಿದ್ದರೆ ಗೋಡೆ ನೆಟ್ಟಗೆ ಏಳುವುದಿಲ್ಲ. ತೂಕದ ಗುಂಡು ಹಿಡಿಯಬಲ್ಲವನು ಒಬ್ಬ ಬೇಕೇ ಬೇಕು.

ನಮ್ಮ ಹಳಿಯ ಎರಡು ತುದಿ

ಇದು ಅಮೆರಿಕೆಯ ಸುದ್ದಿ, ನಮಗೇನು ಎನ್ನಬೇಡಿ. ವಾಡಿಯಿಂದ ಚಿತ್ತಾಪುರ, ಸೇಡಂ ಹಿಡಿದು ಸಿಕಂದರಾಬಾದಿಗೆ ಹೋಗುವ ಹಳಿ ಕಾಜಿಪೇಟೆ ದಾಟಿ ಖಮ್ಮಂ ಮುಟ್ಟುತ್ತದೆ. ಈ ಸಂಸ್ಥೆ ಭಾರತದಲ್ಲಿ ಮೊದಲು ಕೆಲಸ ಹಿಡಿದದ್ದು ಅದೇ ಖಮ್ಮಮ್ಮಿನಲ್ಲಿ, 1983ರಲ್ಲಿ.

ಇತ್ತ ವಾಡಿಯಿಂದ ಶಹಾಬಾದ, ಸೊಲ್ಲಾಪುರ, ಪುಣೆ ಮೂಲಕ ಬೊಂಬಾಯಿಗೆ ಹೋಗುವಾಗ ಲೋಣಾವಳ ಸಿಗುತ್ತದೆ. ಚಿಕ್ಕಿ ಕೊಳ್ಳಲು ನಾವು ಇಳಿಯುವ ಅದೇ ಲೋಣಾವಳದ ಹತ್ತಿರ 2006ರ ಅಕ್ಟೋಬರ್ ಕೊನೆಯಲ್ಲಿ ಜಗತ್ತಿನ ನಾನಾ ಮೂಲೆಯಿಂದ ಜನ ಬಂದು ನೂರು ಮನೆಗಳ ಕೆಲಸಕ್ಕೆ ಕೈ ಹಚ್ಚಿದರು. ಅಮೆರಿಕೆಯ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಆಗ 82ರ ಮುದುಕ. ಅವರೂ ಅವರ ಹೆಂಡತಿಯೂ ಕೆಲಸಕ್ಕೆ ನಿಂತರು. ಹಾಲಿವುಡ್ ನಟ ಬ್ರಾಡ್ ಪಿಟ್ ಕೂಡ ಬಂದು ಹೋದ. ಕಾರ್ಟರ್ 2024ರ ಡಿಸೆಂಬರಿನಲ್ಲಿ ನೂರು ವರ್ಷ ತುಂಬಿ ತೀರಿಕೊಂಡರು. ಕುರ್ಚಿ ಬಿಟ್ಟ ಮೇಲೆ ಸುತ್ತಿಗೆ ಹಿಡಿದ ದೊಡ್ಡ ಮನುಷ್ಯ ಎಂದು ಜಗತ್ತು ನೆನೆಯಿತು. ನಮ್ಮಲ್ಲಿ ಕುರ್ಚಿ ಬಿಟ್ಟವರು ಏನು ಹಿಡಿಯುತ್ತಾರೆಂದು ಓದುಗರಿಗೆ ಗೊತ್ತೇ ಇದೆ!

ಹಾಗೆ ನೋಡಿದರೆ ಕೂಡಿ ಮನೆ ಕಟ್ಟುವುದು ನಮಗೇನೂ ಹೊಸದಲ್ಲ. ಮುಯ್ಯಾಳು ಎಂಬ ಮಾತು ಹಳ್ಳಿಯವರಿಗೆ ತಿಳಿಯದೆ? ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಏರಿಸುವಾಗಲೂ ಓಣಿಯ ಹುಡುಗರು ಸಾಲಾಗಿ ನಿಂತು ಪುಟ್ಟಿ ದಾಟಿಸುತ್ತಿದ್ದರು. ಮನೆಯಾಕೆ ಹೋಳಿಗೆ ಬಡಿಸಿದರೆ ಅದೇ ಕೂಲಿ. ಈಗ ಓಣಿಯಲ್ಲಿ ಹುಡುಗರೇ ಇಲ್ಲ. ಎಲ್ಲ ಗುಳೆ.

ಕಿಲ್ಲಾರಿ ಕಲಿಸಿದ್ದು

ಮಾಳಿಗೆಗೆ ವರ್ಷ ವರ್ಷ ಮಣ್ಣು ಏರಿಸಿದರೆ ಏನಾಗುತ್ತದೆ ಎಂಬುದನ್ನು 1993ರ ಸೆಪ್ಟೆಂಬರ್ 30ರ ನಸುಕು ತೋರಿಸಿತು. ಲಾತೂರ ಜಿಲ್ಲೆಯ ಕಿಲ್ಲಾರಿ. ಗಣಪತಿ ಕಳಿಸಿ ಜನ ಆಗತಾನೆ ಮಲಗಿದ್ದರು. 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಸತ್ತವರು ಎಂಟರಿಂದ ಹತ್ತು ಸಾವಿರ. ಲಾತೂರ, ಉಸ್ಮಾನಾಬಾದ ಜಿಲ್ಲೆಗಳ 52 ಹಳ್ಳಿ ನೆಲಸಮ. ಆ ನಡುಕ ನಮ್ಮ ಕಡೆಯ ಹಳಬರ ನೆನಪಿನಿಂದ ಇನ್ನೂ ಹೋಗಿಲ್ಲ.

ಕೊಂದದ್ದು ಭೂಮಿಯಲ್ಲ, ಮನೆ. ಅಲ್ಲಿನ ಮನೆ ನಮ್ಮ ಮನೆಯಂಥದೇ. ಗೋಡೆಗೆ ಎರಡು ಮುಖ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು. ನಡುವೆ ಚೂರುಕಲ್ಲು, ಮಣ್ಣು. ಎರಡೂ ಸಾಲನ್ನು ಹಿಡಿದು ನಿಲ್ಲಿಸುವ ಉದ್ದ ಕಲ್ಲು ಇರುವುದಿಲ್ಲ. ನೀರು ಇಳಿದಂತೆ ನಡುವಿನ ಮಣ್ಣು ಸಡಿಲಾಗಿ ಗೋಡೆ ಹೊಟ್ಟೆ ಬಿಡುತ್ತದೆ. ಮೇಲೆ ಮಾಳಿಗೆಯಲ್ಲಿ ಅಜ್ಜನ ಕಾಲದಿಂದ ಏರಿಸಿದ ಒಂದೂವರೆ, ಎರಡು ಅಡಿ ಮಣ್ಣು. ನೆಲ ನಡುಗಿದಾಗ ಗೋಡೆ ಎರಡು ಸೀಳಾಯಿತು, ಮಣ್ಣು ಮಲಗಿದವರ ಎದೆ ಮೇಲೆ ಬಿತ್ತು.

ಆಮೇಲೆ ಅಲ್ಲಿ ಎರಡು ಬಗೆಯ ಕೆಲಸ ನಡೆಯಿತು. ನೆಲಸಮವಾದ ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು. ದಾನಿಗಳು ಬಂದರು, ಸಾಲು ಸಾಲು ಮನೆ ಎದ್ದವು. ಆದರೆ ದನಕ್ಕೆ ಕೊಟ್ಟಿಗೆ ಎಲ್ಲಿ, ಕೂಡಲು ಕಟ್ಟೆ ಎಲ್ಲಿ, ಹೊಲ ಇಷ್ಟು ದೂರವಾಯಿತಲ್ಲ ಎಂಬ ಗೊಣಗಾಟ ಬಹುಕಾಲ ನಿಲ್ಲಲಿಲ್ಲ. ಎರಡನೆಯದು ಸದ್ದಿಲ್ಲದ ಕೆಲಸ. ಬಿರುಕು ಬಿಟ್ಟು ನಿಂತಿದ್ದ ಲಕ್ಷಕ್ಕೂ ಹೆಚ್ಚು ಮನೆಗಳನ್ನು ಮನೆಯವರೇ ಮುಂದೆ ನಿಂತು ದುರಸ್ತಿ ಮಾಡಿಸಿಕೊಂಡರು. ಸರಕಾರ ಹಣವನ್ನೂ ಎಂಜಿನಿಯರನ್ನೂ ಕೊಟ್ಟಿತು.

ಆಗ ಹೇಳಿಕೊಟ್ಟ ಉಪಾಯ ಸುಲಭದವು. ಮಾಳಿಗೆಯ ಮಣ್ಣು ಕೆರೆದು ಎಂಟು ಇಂಚಿಗೆ ಇಳಿಸು, ನೀರು ಇಳಿಯದ ಹಾಳೆ ಹಾಸು. ಗೋಡೆಯಲ್ಲಿ ಅಲ್ಲಲ್ಲಿ ಆರುಪಾರು ತೂತು ಮಾಡಿ ಸರಳು ಇಟ್ಟು ಕಾಂಕ್ರೀಟು ತುಂಬು, ಎರಡು ಮುಖ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಕಂಬ, ತೊಲೆ ಕೂಡುವ ಮೂಲೆಗೆ ಓರೆ ಪಟ್ಟಿ ಬಡಿ. ಹೊಸ ಗೋಡೆಯಾದರೆ ಮೊದಲೇ ಉದ್ದ ಕಲ್ಲು ಹಾಕು. ಕಲ್ಲಿನ ಸೀಮೆ ನಮ್ಮದು, ಉದ್ದ ಕಲ್ಲಿಗೆ ಇಲ್ಲಿ ಬರವೇ?

ಗಡಿಕೇಶ್ವಾರದ ರಾತ್ರಿಗಳು

ಕಿಲ್ಲಾರಿ ಹಳೇ ಕಥೆ ಎನ್ನುವವರು ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದವರನ್ನು ಕೇಳಿ. ಕಿಲ್ಲಾರಿಗೂ ಅದಕ್ಕೂ ನೂರು ಕಿಲೋಮೀಟರಿನ ಆಸುಪಾಸು ಅಂತರ. 2021ರ ಅಕ್ಟೋಬರಿನಲ್ಲಿ ಅಲ್ಲಿ ನೆಲದೊಳಗಿಂದ ಗುಡುಗಿದ ಸದ್ದು ಮೇಲಿಂದ ಮೇಲೆ ಬಂತು. 11ರ ರಾತ್ರಿಯದು ರಿಕ್ಟರ್ ಮಾಪಕದಲ್ಲಿ 4.1. ಜನ ಮಕ್ಕಳನ್ನು ಎತ್ತಿಕೊಂಡು ಬಯಲಿಗೆ ಬಂದರು. ಎಷ್ಟೋ ಕುಟುಂಬ ನೆಂಟರ ಊರಿಗೆ ಹೊರಟುಹೋದವು. ಉಳಿದವರು ಹೊರಗೆ ಮಲಗಿದರು. ನಮಗೆ ಶೆಡ್ಡು ಹಾಕಿಕೊಡಿ ಎಂದು ಬಂದ ದೊಡ್ಡವರನ್ನೆಲ್ಲ ಬೇಡಿದರು.

ನಡುಕ ದಿನವೂ ಬರುವುದಿಲ್ಲ. ಆದರೆ ಮಳೆ ಪ್ರತಿ ವರ್ಷ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆಯ ಮಳೆ ಉತ್ತರ ಕರ್ನಾಟಕವನ್ನೇ ಮುಳುಗಿಸಿತು. 2020ರ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿ ಮಳಖೇಡದ ಸೇತುವೆ ಕಾಣದಂತಾಯಿತು. ರಾಷ್ಟ್ರಕೂಟರು ರಾಜಧಾನಿ ಮಾಡಿಕೊಂಡ ಊರಿನಲ್ಲಿ ಜನ ಮಾಳಿಗೆ ಹತ್ತಿ ಕುಳಿತರು. ಇಂಥ ಮಳೆಯ ಬೆನ್ನಿಗೇ ಗೋಡೆ ಬಿದ್ದ ಸುದ್ದಿ. ಪೇಪರಿನಲ್ಲಿ ಎರಡು ಸಾಲು, ಮರುದಿನ ಮರೆವು.

ಬಿದ್ದ ಮೇಲೆ ದುಡ್ಡು

ಸರಕಾರ ಏನೂ ಕೊಡುವುದಿಲ್ಲ ಎಂದರೆ ಸುಳ್ಳಾದೀತು. 2009ರ ನೆರೆಯ ನಂತರ 'ಆಸರೆ' ಹೆಸರಿನಲ್ಲಿ ಸರಕಾರ ಜಾಗ ಕೊಟ್ಟು, ದಾನಿಗಳು ಮನೆ ಕಟ್ಟಿದರು. ಕೆಲವು ಊರಿನಲ್ಲಿ ಜನ ಹೋಗಿ ನೆಲೆಸಿದರು, ಕೆಲವು ಊರಿನಲ್ಲಿ ಬೀಗ ಬಿದ್ದವು. 2019ರ ನೆರೆಗೆ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿದರು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿಯ ಹೊಸ ಮನೆಗೆ ಬಯಲುಸೀಮೆಯಲ್ಲಿ 1 ಲಕ್ಷ 20 ಸಾವಿರ ಗೊತ್ತುಮಾಡಿದರು.

ಲೆಕ್ಕ ಸರಿಯಾಗಿ ನೋಡಿ. ಹೊಸದಕ್ಕೆ ಹಣವಿದೆ. ಬಿದ್ದುಹೋದದ್ದಕ್ಕೆ ಹಣವಿದೆ. ಹೊಟ್ಟೆ ಬಿಟ್ಟು ಇನ್ನೂ ನಿಂತಿರುವ ಗೋಡೆಗೆ? ಅದರ ಮನೆಯಾಕೆ ಆಫೀಸಿನ ಮೆಟ್ಟಿಲು ಹತ್ತಿದರೆ "ಇನ್ನೂ ಬಿದ್ದಿಲ್ಲಲ್ಲ ಅವ್ವಾ" ಎನ್ನುತ್ತಾರೆ. ಬೀಳಲಿ ಎಂದು ಕಾಯಬೇಕೆ?

ಸೇಡಂ, ಮಳಖೇಡ, ವಾಡಿಯ ಸಿಮೆಂಟು ದೇಶವಿಡೀ ಹೋಗುತ್ತದೆ. ಶಹಾಬಾದ ಪರಸಿ ಎಂದರೆ ಬೊಂಬಾಯಿಯ ಹಳೇ ಸ್ಟೇಷನ್ನುಗಳಿಂದ ಹಿಡಿದು ಎಲ್ಲಿ ಹೋದರೂ ಗುರುತು. ಆ ಸಿಮೆಂಟು ಕಲಸುವ ಕೈ, ಆ ಪರಸಿ ಹಾಸುವ ಕೈ ನಮ್ಮದೇ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಸೇಡಂ, ಚಿತ್ತಾಪುರ ಕಡೆಯವರೇ ಮಾಡಿರಬೇಕು.

ಒಂದು ಗಾಡಿ, ಒಂದು ವಾರ

ಆದ್ದರಿಂದ ಈ ಅಂಕಣದ್ದೊಂದು ವಿಚಾರ. ಅಮೆರಿಕೆಯ ವ್ಯಾನು ನಮಗೆ ಬೇಡ. ನಮ್ಮ ಕ್ರೂಸರು ಸಾಕು. ರಜೆಯಲ್ಲಿ ಗೌಂಡಿಗಳು ಊರಲ್ಲಿರುತ್ತಾರೆ. ಕಾಲೇಜು ಹುಡುಗರಿಗೂ ಸೂಟಿ. ಎನ್ನೆಸ್ಸೆಸ್ ಕ್ಯಾಂಪಿನಲ್ಲಿ ಕಸ ಗುಡಿಸಿ ಫೋಟೊ ತೆಗೆಸಿಕೊಳ್ಳುವುದನ್ನು ಒಂದು ವರ್ಷ ಬಿಟ್ಟರೆ ನಷ್ಟವಿಲ್ಲ. ಇಬ್ಬರು ಅನುಭವದ ಗೌಂಡಿ, ಎಂಟು ಹುಡುಗರು, ಒಂದು ಗಾಡಿ, ವಾರಕ್ಕೆ ಒಂದು ಓಣಿ. ಮೊದಲು ಒಬ್ಬ ಎಂಜಿನಿಯರು ಬಂದು ಯಾವ ಗೋಡೆಗೆ ಕೈ ಹಚ್ಚಬಹುದು, ಯಾವುದಕ್ಕೆ ಹಚ್ಚಬಾರದು ಎಂದು ಗುರುತು ಹಾಕಲಿ. ಮಾಳಿಗೆಗೆ ಆಸರೆ ಕೊಡದೆ ಯಾರೂ ಸುತ್ತಿಗೆ ಎತ್ತಬಾರದು.

ಗೌಂಡಿಗೆ ಮಾತ್ರ ಪುಕ್ಕಟೆ ಕೆಲಸ ಹೇಳಬೇಡಿ. ವರ್ಷದಲ್ಲಿ ಅವನಿಗಿರುವ ನಾಲ್ಕು ದಿನದ ವಿಶ್ರಾಂತಿ ಅದು. ಅವನ ಕೂಲಿ ಊರು ಕೊಡಲಿ, ಮೊದಲ ದುರಸ್ತಿ ಅವನ ಮನೆಯದೇ ಆಗಲಿ. ಪುಟ್ಟಿ ಹೊರುವುದು, ಮಣ್ಣು ಇಳಿಸುವುದು, ನೀರು ಹಾಕುವುದು ಮುಯ್ಯಾಳಿನ ಲೆಕ್ಕದಲ್ಲಿ ನಡೆಯಲಿ. ಮನೆಯವರೂ ಜತೆಗೆ ನಿಲ್ಲಲಿ. ಕಬ್ಬಿಣ, ಸಿಮೆಂಟಿನ ವ್ಯಾಪಾರಿಗಳು ಅಸಲು ದರಕ್ಕೆ ಹತ್ತು ಚೀಲ, ನಾಲ್ಕು ಸರಳು ಕೊಟ್ಟರೆ ಅಂಗಡಿ ಮುಳುಗದು. ಕಿರಾಣಿಯವರು ಒಂದು ಹೊತ್ತಿನ ಅಕ್ಕಿ, ತೊಗರಿಬೇಳೆ ನೋಡಿಕೊಂಡರೆ ಹುಡುಗರು ಹೊಟ್ಟೆ ತುಂಬ ಉಂಡು ದುಡಿಯುತ್ತಾರೆ. ಹಣದ ಲೆಕ್ಕ ಮಾತ್ರ ಚಾವಡಿ ಗೋಡೆಗೆ ಬರೆದು ಹಚ್ಚಬೇಕು. ಇಲ್ಲದಿದ್ದರೆ ಮಾಳಿಗೆಗಿಂತ ಮೊದಲು ಸಂಘ ಸೋರುತ್ತದೆ.

ಬೀಳುವ ಮನೆ ನೂರಾರು, ಒಂದು ಗಾಡಿಯಿಂದ ಏನಾದೀತು ಎನ್ನುವವರು ಇದ್ದೇ ಇರುತ್ತಾರೆ. ಎಲ್ಲ ಮನೆ ಆಗದು ನಿಜ. ಆದರೆ ಒಂದು ಓಣಿಯಲ್ಲಿ ಒಂದು ಮಾಳಿಗೆಯ ಮಣ್ಣು ಇಳಿದದ್ದನ್ನು ಕಂಡರೆ ಪಕ್ಕದ ಮನೆಯವರು ತಾವಾಗಿಯೇ ಸಲಿಕೆ ಹಿಡಿಯುತ್ತಾರೆ. ಸುತ್ತೋಲೆಗಿಂತ ನೆರೆಮನೆ ನೋಡಿ ಕಲಿಯುವುದೇ ಹಳ್ಳಿಯ ರೂಢಿ.

ಮಾತು ಮುಗಿಯುವಷ್ಟರಲ್ಲಿ ಚಿಂಚೋಳಿ ಕ್ರೂಸರಿನವನು ಹಾರ್ನು ಹೊಡೆದ. ಗೌಂಡಿ ಚೀಲ ಎತ್ತಿಕೊಂಡ.

"ಹಬ್ಬ ಮುಗಿದ ಮ್ಯಾಲ ಎಷ್ಟು ದಿನ ಇರ್ತೀರಿ ಅಣ್ಣಾರ?"

"ಎಲ್ಲಿದ್ರಿ! ಸೇಠ್ ಫೋನ್ ಹಚ್ಚ್ಯಾನ. ಹದಿನಾಲ್ಕನೇ ಅಂತಸ್ತು ಬಾಕಿ ಅದ."

ಅವನ ಮನೆಯ ಹಿಂದಿನ ಗೋಡೆ ಮುಂದಿನ ಮಳೆಗಾಲದವರೆಗೆ ಕಟ್ಟಿಗೆಯ ಆಸರೆಯಲ್ಲೇ ನಿಲ್ಲಬೇಕು. ಅಷ್ಟರೊಳಗೆ ಯಾವ ಊರಿನವರು ಗಾಡಿ ಹೊರಡಿಸುತ್ತಾರೋ ಹೇಳಿ ಕಳಿಸಿ. ಈ ಅಂಕಣದವನು ಪುಟ್ಟಿ ಹೊರಲು ಬರುತ್ತಾನೆ. ಕರಣಿ ಮಾತ್ರ ಕೈಗೆ ಕೊಡಬೇಡಿ, ಗೋಡೆ ಸೊಟ್ಟಗಾದೀತು!