ಗಾಜಿಗಿಂತ ಮುಂದೆ ನಿಂತ ಲೆನ್ಸ್

ಅಂಗೈಯಲ್ಲಿಟ್ಟು ಬೆರಳು ಮಡಚಿದರೆ ಬಹುಪಾಲು ಮರೆಯಾಗಿಯೇ ಹೋಗುತ್ತದೆ! ಲೈಕಾ ಕ್ಯಾಮೆರಾದ ಟೆಲಿ-ಎಲ್ಮರಿಟ್ ಲೆನ್ಸ್: ಸಂಗಮದೂರ 90 ಮಿಲಿಮೀಟರ್, ಎಫ್ 2.8, ತೂಕ 225 ಗ್ರಾಂ, ಉದ್ದ ಸುಮಾರು 6 ಸೆಂಟಿಮೀಟರ್. ದೂರದ ಮುಖವನ್ನು ಹತ್ತಿರಕ್ಕೆ ತರುವ ಲೆನ್ಸ್ ಎಂದರೆ ಕ್ರಿಕೆಟ್ ಮೈದಾನದ ಅಂಚಿನಲ್ಲಿ ಫಿರಂಗಿಗಳಂತೆ ಸಾಲಾಗಿ ಕೂತಿರುವ ಬಿಳಿ ಕೊಳವೆಗಳೇ ಕಣ್ಣಿಗೆ ಬರುತ್ತವೆ, ಅಲ್ಲವೇ? ಇದು ಶರ್ಟಿನ ಜೇಬಿಗೆ ಇಳಿಯುತ್ತದೆ. ಬ್ಯಾಟರಿ ಇಲ್ಲ, ಮೋಟಾರ್ ಇಲ್ಲ, ಒಂದು ತಂತಿಯೂ ಇಲ್ಲ. ಇದರ ಒಳಗೆ ಏನು ನಡೆಯುತ್ತಿದೆ ಎಂದು ತಿಳಿದ ಮೇಲಂತೂ ನನಗೆ ಇದನ್ನು ಕೆಳಗಿಡುವ ಮನಸ್ಸೇ ಬರುತ್ತಿಲ್ಲ.

ಮಾಮೂಲಿ ಲೆನ್ಸಿನ ಲೆಕ್ಕ ನೇರ. ಸಂಗಮದೂರ 90 ಮಿ.ಮೀ. ಇದ್ದರೆ, ದೂರದ ಬೆಟ್ಟ ಸ್ಫುಟವಾಗಿ ಮೂಡಲು ಗಾಜು ಫಿಲ್ಮಿನಿಂದ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ನಿಲ್ಲಬೇಕು. 1931ರಲ್ಲಿ ಲೈಕಾಗೆಂದು ಬಂದ 90 ಮಿ.ಮೀ. ಎಲ್ಮಾರ್ ಹಾಗೆಯೇ ಇತ್ತು. ತುದಿಯಲ್ಲಿ ನಾಲ್ಕು ಪುಟ್ಟ ಗಾಜುಗಳು, ಅವುಗಳ ಹಿಂದೆ ಖಾಲಿ ಕೊಳವೆ. 1954ರಲ್ಲಿ ಆ ಕೊಳವೆಯನ್ನು ಒಳಕ್ಕೆ ತಳ್ಳಿಡಲು ಬರುವಂತೆ ಮಾಡಿದರು. ಆದರೂ ಚಿತ್ರ ತೆಗೆಯುವ ಹೊತ್ತಿಗೆ ಮತ್ತೆ ಹೊರಗೆಳೆಯಲೇಬೇಕು. ಪ್ರಕೃತಿಯ ಲೆಕ್ಕಕ್ಕೆ ರಿಯಾಯಿತಿ ಎಲ್ಲಿಂದ ಬರಬೇಕು?

ಬರುತ್ತದೆ! ಮುಂದೆ ಒಂದು ಪೀನ ಗುಂಪು, ಹಿಂದೆ ಒಂದು ನಿಮ್ನ ಗುಂಪು, ಇಷ್ಟೇ ಉಪಾಯ. ಮುಂದಿನ ಗುಂಪು ಬೆಳಕನ್ನು ಜೋರಾಗಿ ಬಾಗಿಸಿ ಬೇಗ ಒಂದೆಡೆ ಸೇರುವಂತೆ ಅಟ್ಟುತ್ತದೆ. ಕಿರಣಗಳು ಸೇರುವ ಮೊದಲೇ ಹಿಂದಿನ ಗುಂಪು ಅಡ್ಡ ಬಂದು ಆ ಅವಸರವನ್ನು ತಗ್ಗಿಸುತ್ತದೆ. ಕಿರಣಗಳ ಓರೆ ಕಡಿಮೆಯಾಗುತ್ತದೆ, ಅವು ಸಾವಧಾನವಾಗಿ ಫಿಲ್ಮಿನ ಮೇಲೆ ಕೂಡುತ್ತವೆ. ಈಗ ಒಂದು ಕಾಗದ ತೆಗೆದುಕೊಂಡು, ಫಿಲ್ಮಿಗೆ ಬಂದ ಕಿರಣವನ್ನು ಅದೇ ಓರೆಯಲ್ಲಿ ನೇರವಾಗಿ ಹಿಂದಕ್ಕೆ ಎಳೆಯುತ್ತ ಹೋಗಿ. ಹೊರಗಿನಿಂದ ಬಂದ ಮೂಲ ಕಿರಣಕ್ಕೆ ಆ ಗೆರೆ ತಾಗುವ ಜಾಗ ಯಾವುದು ನೋಡಿ. ಅದು ಲೆನ್ಸಿನ ಒಳಗಿಲ್ಲ! ಮೊದಲ ಗಾಜಿಗಿಂತಲೂ ಮುಂದೆ, ಬರಿಯ ಗಾಳಿಯಲ್ಲಿದೆ. ಫಿಲ್ಮಿನ ಪಾಲಿಗೆ ಲೆನ್ಸ್ ನಿಂತಿರುವುದು ಗಾಜೇ ಇಲ್ಲದ ಆ ಜಾಗದಲ್ಲಿ. 90 ಮಿ.ಮೀ. ಎಣಿಸಬೇಕಾದದ್ದೂ ಅಲ್ಲಿಂದಲೇ.

ಈ ಪೀನ-ನಿಮ್ನ ಜೋಡಿಯೇ ಗೆಲಿಲಿಯೋ 1609ರಲ್ಲಿ ಆಕಾಶಕ್ಕೆ ತಿರುಗಿಸಿದ ದೂರದರ್ಶಕದಲ್ಲೂ ಇತ್ತು. ಕೆಪ್ಲರ್ 1611ರಲ್ಲೇ ಇಂಥ ಜೋಡಣೆಯಿಂದ ಪರದೆಯ ಮೇಲೆ ದೊಡ್ಡ ಬಿಂಬ ಮೂಡಿಸಬಹುದೆಂದು ಬರೆದಿಟ್ಟಿದ್ದ. ಆಗಿನ್ನೂ ಫೋಟೋಗ್ರಫಿ ಎಂಬುದೇ ಹುಟ್ಟಿರಲಿಲ್ಲ! 1891ರಲ್ಲಿ ಲಂಡನ್ನಿನಲ್ಲಿ ಥಾಮಸ್ ಡಾಲ್ಮೇಯರ್, ಜರ್ಮನಿಯಲ್ಲಿ ಅಡಾಲ್ಫ್ ಮೀಟೆ ಮತ್ತು ಸ್ಟೈನ್‌ಹೈಲ್ ಬೇರೆ ಬೇರೆಯಾಗಿ ಇದನ್ನು ಕ್ಯಾಮೆರಾಕ್ಕೆ ತಂದರು. ಲೈಕಾದ ಮೊದಲ ಟೆಲಿ-ಎಲ್ಮರಿಟ್ 1964ರದ್ದು, ಅದರಲ್ಲಿ ಐದು ಗಾಜುಗಳು. ಹತ್ತು ವರ್ಷದ ನಂತರ ಬಂದ ತೆಳ್ಳನೆಯ ರೂಪದಲ್ಲಿ ನಾಲ್ಕೇ. ನನ್ನನ್ನು ಮರುಳು ಮಾಡಿದ್ದು ಈ ಎರಡನೆಯದು. ಕೆನಡಾದ ಒಂಟಾರಿಯೊ ಪ್ರಾಂತದ ಮಿಡ್ಲೆಂಡ್ ಎಂಬ ಪುಟ್ಟ ಊರಿನಲ್ಲಿ ಲೈಕಾ ತಯಾರಕರಾದ ಲೈಟ್ಜ್ ಕಂಪನಿ 1952ರಲ್ಲಿ ತೆರೆದ ಕಾರ್ಖಾನೆಯಲ್ಲಿ ಇದು ತಯಾರಾಯಿತು. ಲೆನ್ಸ್ ವಿನ್ಯಾಸಕಾರ ವಾಲ್ಟರ್ ಮ್ಯಾಂಡ್ಲರ್ ಕೆಲಸ ಮಾಡಿದ್ದೂ ಅಲ್ಲೇ.

ಇಷ್ಟು ಗಾಜಿನ ಮಾತಾಯಿತು. ನಿಜವಾಗಿ ಬಾಯಿ ಕಟ್ಟಿಸುವುದು ಲೋಹದ ಕೆಲಸ.

ಈ ಲೆನ್ಸ್ ಕೂರುವ ಲೈಕಾದ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ನೋಡುವುದು ಲೆನ್ಸಿನ ಮೂಲಕ ಅಲ್ಲ. ಮೇಲುಗಡೆ ಸುಮಾರು 7 ಸೆಂಟಿಮೀಟರ್ ಅಂತರದಲ್ಲಿ ಎರಡು ಕಿಟಕಿಗಳಿವೆ, ನಮ್ಮ ಎರಡು ಕಣ್ಣುಗಳ ಅಂತರಕ್ಕಿಂತ ತುಸು ಹೆಚ್ಚು. ಎರಡರ ಬಿಂಬಗಳೂ ವ್ಯೂಫೈಂಡರಿನ ನಡುವೆ ಒಂದರ ಮೇಲೊಂದು ಬೀಳುತ್ತವೆ. ಲೆನ್ಸಿನ ಉಂಗುರ ತಿರುಗಿಸಿದಂತೆ ಎರಡನೆಯ ಬಿಂಬ ಸರಿಯುತ್ತದೆ. ಎರಡೂ ಕೂಡಿ ಒಂದಾದ ಕ್ಷಣ ಫೋಕಸ್ ಸರಿ. ಕ್ಯಾಮೆರಾಕ್ಕೆ ಈ ದೂರವನ್ನು ಲೆನ್ಸ್ ತಿಳಿಸುವುದು ಹೇಗೆ? ಕ್ಯಾಮೆರಾದ ಬಾಯಿಯೊಳಗೆ ಒಂದು ಪುಟ್ಟ ಉರುಳೆ ಇದೆ. ಲೆನ್ಸಿನ ಹಿಂಭಾಗದ ಲೋಹದ ಅಂಚು ಅದನ್ನು ಒತ್ತುತ್ತದೆ. ಅಷ್ಟೇ ಅವುಗಳ ಮಾತುಕತೆ!

ಆದರೆ ಆ ಉರುಳೆಗೆ ಒಂದೇ ಭಾಷೆ ಗೊತ್ತು, ಅದು 50 ಮಿ.ಮೀ. ಲೆನ್ಸಿನ ಚಲನೆಯ ಭಾಷೆ. ಒಂದು ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡುವಾಗ 50ರ ಲೆನ್ಸ್ ಮುಂದೆ ಚಲಿಸುವುದು ಸುಮಾರು 3 ಮಿ.ಮೀ. ನಮ್ಮ 90ರ ಗಾಜುಗಳು ಅದೇ ಮುಖಕ್ಕಾಗಿ ಸುಮಾರು 10 ಮಿ.ಮೀ. ಮುಂದೆ ಬರಬೇಕು. ಬೆರಳು ತಿರುಗಿಸುವುದು ಒಂದೇ ಉಂಗುರವನ್ನು. ಗಾಜು ಹತ್ತು ಸರಿಯಬೇಕು, ಅಂಚು ಮೂರೇ ಸರಿಯಬೇಕು, ಅದೂ ನಡುವಿನ ಪ್ರತಿಯೊಂದು ದೂರದಲ್ಲೂ ತಪ್ಪದೆ! ಈ ತರ್ಜುಮೆಯೆಲ್ಲ ಆ ಪುಟ್ಟ ಕೊಳವೆಯೊಳಗಿನ ತಿರುಪಿನ ಎಳೆಗಳಲ್ಲೂ ಅಂಚಿನ ಇಳಿಜಾರಿನಲ್ಲೂ ಕೊರೆದಿಟ್ಟಿದೆ. ಪೂರ್ತಿ ತೆರೆದ ಎಫ್ 2.8ರಲ್ಲಿ, ಒಂದು ಮೀಟರ್ ದೂರದಲ್ಲಿ, ಚಿತ್ರದಲ್ಲಿ ಸ್ಫುಟವಾಗಿ ಉಳಿಯುವ ಆಳ ಸುಮಾರು ಒಂದೂವರೆ ಸೆಂಟಿಮೀಟರ್ ಮಾತ್ರ. ರೆಪ್ಪೆಗೂದಲು ಸ್ಪಷ್ಟ, ಕಿವಿ ಆಗಲೇ ಮಸುಕು. ಅಷ್ಟು ತೆಳುವಾದ ಪದರವನ್ನು ಹಿತ್ತಾಳೆ, ಅಲ್ಯೂಮಿನಿಯಂ ಮತ್ತು ಒಂದು ತೊಟ್ಟು ಗ್ರೀಸು ಸೇರಿ ಹಿಡಿದುಕೊಡುತ್ತವೆ ಎಂಬುದು ನನಗೆ ಇನ್ನೂ ನಂಬಲಾಗದ ಸಂಗತಿ.

ಇನ್ನು ಕಣ್ಣಿಟ್ಟು ನೋಡಿ. ಕನ್ನಡಿಯಿಟ್ಟು ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಉದ್ದ ಲೆನ್ಸ್ ಹಾಕಿದರೆ ಅದು ಕತ್ತರಿಸಿಕೊಟ್ಟಷ್ಟೇ ಜಗತ್ತು. ಇಲ್ಲಿ ಹಾಗಲ್ಲ! ಲೆನ್ಸನ್ನು ಕ್ಯಾಮೆರಾದ ಬಾಯಿಗೆ ಕೂರಿಸಿ ತಿರುಗಿಸಿದ ಕೂಡಲೇ ಅದರ ಅಂಚು ಒಂದು ಸನ್ನೆಯನ್ನು ತಳ್ಳುತ್ತದೆ, ವ್ಯೂಫೈಂಡರಿನಲ್ಲಿ 90ರ ಹೊಳೆಯುವ ಚೌಕಟ್ಟು ತಾನಾಗಿ ಮೂಡುತ್ತದೆ. ಚೌಕಟ್ಟಿನ ಒಳಗಿರುವುದು ಚಿತ್ರ. ಹೊರಗೆ ಬೀದಿ ಎಂದಿನಂತೆ ನಡೆಯುತ್ತಿದೆ. ಸೈಕಲ್ಲಿನವನು ಚಿತ್ರದೊಳಕ್ಕೆ ಬರುವ ಮೊದಲೇ ಕಾಣುತ್ತಾನೆ. ಶಟರ್ ಒತ್ತಿದ ಕ್ಷಣವೂ ನೋಟ ಕಪ್ಪಾಗುವುದಿಲ್ಲ, ಮೇಲೇಳಬೇಕಾದ ಕನ್ನಡಿಯೇ ಇಲ್ಲವಲ್ಲ. 1954ರ ಲೈಕಾ ಎಂ3 ಕ್ಯಾಮೆರಾದ ವ್ಯೂಫೈಂಡರ್ ಜಗತ್ತನ್ನು 0.91 ಪಟ್ಟು ಅಳತೆಯಲ್ಲಿ, ಎಂದರೆ ಹೆಚ್ಚುಕಡಿಮೆ ಇದ್ದಂತೆಯೇ ತೋರಿಸುತ್ತದೆ. ಎರಡು ಕಣ್ಣೂ ತೆರೆದಿಟ್ಟರೆ ಚೌಕಟ್ಟು ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತದೆ!

ಲೆನ್ಸ್ ಗಿಡ್ಡ ಇರಬೇಕೆಂಬ ಹಠದ ಅರ್ಥ ಈಗ ತಿಳಿಯಿತೇ? ಚೀಲ ಹಗುರಾಗಲಿ ಎಂದಷ್ಟೇ ಅಲ್ಲ. ವ್ಯೂಫೈಂಡರ್ ಲೆನ್ಸಿನ ಪಕ್ಕದಲ್ಲೇ ಮೇಲ್ಗಡೆ ಇರುವುದರಿಂದ ಉದ್ದ, ದಪ್ಪ ಲೆನ್ಸಿನ ಮೂತಿ ನೋಟದ ಬಲ ಕೆಳಮೂಲೆಗೆ ಅಡ್ಡ ಬರುತ್ತದೆ. ಗಾಳಿಯಲ್ಲಿ ನಿಲ್ಲುವ ಉಪಾಯ ಬಲ್ಲ ಪುಟ್ಟ ಲೆನ್ಸ್ ಅಷ್ಟರಮಟ್ಟಿಗೆ ದಾರಿ ಬಿಟ್ಟು ನಿಲ್ಲುತ್ತದೆ. ಮಿನೋಲ್ಟಾ ಕಂಪನಿಯ ಜೊತೆಗೂಡಿ 1973ರಲ್ಲಿ ತಂದ ಪುಟ್ಟ ಲೈಕಾ ಸಿಎಲ್ ಕ್ಯಾಮೆರಾಕ್ಕೂ ಎಲ್ಮಾರ್-ಸಿ ಎಂಬ ಕಿರಿಯ 90 ಬಂತು. ಅದು ಎಫ್ 4ರದ್ದು. ನನ್ನ ಒಲವು ಮಾತ್ರ ಟೆಲಿ-ಎಲ್ಮರಿಟ್ ಕಡೆಗೇ, ಸಂಜೆ ಬೆಳಕಿನಲ್ಲಿ ಆ ಒಂದು ಹೆಜ್ಜೆ ಹೆಚ್ಚಿನ ಬೆಳಕು ಬೇಕೇ ಬೇಕು.

ಎಂ3 ಜೊತೆ ಬಂದ ಲೆನ್ಸ್ ಕೂರಿಸುವ ಬಾಯಿಯನ್ನು ಲೈಕಾ ಇಂದಿಗೂ ಉಳಿಸಿಕೊಂಡಿದೆ. ಆದ್ದರಿಂದ 1970ರ ದಶಕದ ಈ ಲೆನ್ಸ್ ಈಗಿನ ಡಿಜಿಟಲ್ ಎಂ ಕ್ಯಾಮೆರಾದ ಮೇಲೂ ಕೂರುತ್ತದೆ. ಒಂದು ಅಡಾಪ್ಟರ್ ಇದ್ದರೆ ಮಿರರ್‌ಲೆಸ್ ಕ್ಯಾಮೆರಾಗಳ ಮೇಲೂ ಸರಿ, ಆದರೆ ಅಲ್ಲಿ ಫೋಕಸ್ ನೋಡಬೇಕಾದದ್ದು ಪರದೆಯಲ್ಲಿ. ಆ ಉರುಳೆಯ ಮಾತುಕತೆ ತಪ್ಪಿಹೋಗುತ್ತದೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಇದು ಕಣ್ಣಿಗೆ ಬಿದ್ದರೆ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ತೆಳ್ಳನೆಯ ಟೆಲಿ-ಎಲ್ಮರಿಟ್‌ಗಳಲ್ಲಿ ಹಿಂದಿನ ಗಾಜಿಗೆ ಮಬ್ಬು ಕಟ್ಟುವುದುಂಟು. ಅಲ್ಲಿ ಮಬ್ಬಿಲ್ಲದಿದ್ದರೆ, ಉಂಗುರ ಎಲ್ಲೂ ತಡೆಯದೆ ತಿರುಗಿದರೆ, ಅದನ್ನು ಒಂದು ರೇಂಜ್‌ಫೈಂಡರಿಗೆ ಕೂರಿಸಿ ಮೊದಲು ಎದುರಿಗಿರುವ ಅಂಗಡಿಯವರ ಕಣ್ಣಿಗೇ ಫೋಕಸ್ ಮಾಡಿ ನೋಡಿ!