ಬುಲ್ ಟೆಂಪಲ್ ರಸ್ತೆಯಲ್ಲಿ ಇಟಲಿಯ ನಾಲ್ಕು ಬಾಗಿಲು

ಕ್ಯಾಂಟೀನಿನಲ್ಲಿ ಆಗಾಗ ಬರೋ ಪ್ರಶ್ನೆ ಇದು: "ಕೋಟಿ ಸಿಕ್ಕರೆ ಯಾವ ಕಾರು ತಗೋತೀಯ?" ಮೊನ್ನೆ ಒಬ್ಬ ಮಾಸೆರಾಟಿ ಕ್ವಾಟ್ರೊಪೋರ್ಟೆ ಅಂದ. "ಅದರಲ್ಲೇ ದಿನಾ ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಓಡಾಡ್ತೀನಿ" ಅಂತಲೂ ಸೇರಿಸಿದ. ಎಲ್ಲರೂ ನಕ್ಕರು. ನನಗೆ ಮಾತ್ರ ಕೂತು ಲೆಕ್ಕ ಹಾಕೋಣ ಅನ್ನಿಸಿತು. ಯಾಕಂದ್ರೆ ನಮ್ಮ ಮನೆಯ ಗೇಟಿನೊಳಗೂ ಇಟಲಿ ಮೂಲದ, ನಾಲ್ಕು ಬಾಗಿಲಿನ ಕಾರೊಂದು ನಿಂತಿದೆ: ತಾತನ 1986ರ ಪ್ರೀಮಿಯರ್ ಪದ್ಮಿನಿ. ಅದರ ಆರ್‌ಸಿ ಅವಧಿ 2026ಕ್ಕೆ ಮುಗಿಯುತ್ತೆ. ನವೀಕರಿಸಬೇಕಾ, ಗುಜರಿಗೆ ಹಾಕಬೇಕಾ ಅಂತ ಮನೆಯಲ್ಲಿ ಚರ್ಚೆ ನಡೀತಿದೆ. ಎರಡೂ ಕಾರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕ್ಯಾಂಟೀನಿನ ಪ್ರಶ್ನೆಗೂ ಉತ್ತರ ಸಿಗುತ್ತೆ, ಮನೆಯ ಪ್ರಶ್ನೆಗೂ.

ಮೊದಲು ಪರಿಚಯ

ಮಾಸೆರಾಟಿ 1914ರಲ್ಲಿ ಬೊಲೊನ್ಯ ಊರಿನಲ್ಲಿ ಶುರುವಾದ ಕಂಪನಿ. ಆ ಊರಿನ ಚೌಕದಲ್ಲಿರುವ ನೆಪ್ಚೂನ್ ಕಾರಂಜಿಯ ತ್ರಿಶೂಲವೇ ಅದರ ಲಾಂಛನ. 1963ರಲ್ಲಿ ಅವರು ರೇಸ್ ಕಾರಿನ ಜಾತಿಯ ವಿ8 ಎಂಜಿನ್ನನ್ನು ಸಂಸಾರಸ್ಥರ ಕಾರಿಗೆ ಕೂರಿಸಿ ಕ್ವಾಟ್ರೊಪೋರ್ಟೆ ಅಂತ ಹೆಸರಿಟ್ಟರು. ಇಟಾಲಿಯನ್ ಭಾಷೆಯಲ್ಲಿ ಹಾಗಂದ್ರೆ "ನಾಲ್ಕು ಬಾಗಿಲು", ಅಷ್ಟೇ! 2013ರಲ್ಲಿ ಬಂದ ಆರನೇ ತಲೆಮಾರಿನ ಕಾರು 5.26 ಮೀಟರ್ ಉದ್ದ, 1.95 ಮೀಟರ್ ಅಗಲ ಇದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, ಅಂದ್ರೆ ವೀಲ್‌ಬೇಸ್, 3.17 ಮೀಟರ್. ತೂಕ ಸುಮಾರು 1,900 ಕೆಜಿ. ದೊಡ್ಡ ಎಂಜಿನ್ 3.8 ಲೀಟರಿನ ಅವಳಿ ಟರ್ಬೊ ವಿ8, 530 ಅಶ್ವಶಕ್ತಿ.

ಪದ್ಮಿನಿಯ ಮೂಲ 1953ರ ಫಿಯಟ್ 1100. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಅದನ್ನು ತಯಾರಿಸುತ್ತಿತ್ತು. 1974ರಲ್ಲಿ ಪದ್ಮಿನಿ ಅಂತ ಹೆಸರಾಯ್ತು. 1089 ಸಿಸಿ ಎಂಜಿನ್, 40 ಚಿಲ್ಲರೆ ಅಶ್ವಶಕ್ತಿ, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ. ಉದ್ದ ಸುಮಾರು 3.9 ಮೀಟರ್, ಅಗಲ ಸುಮಾರು 1.46, ವೀಲ್‌ಬೇಸ್ 2.34, ತೂಕ ಸುಮಾರು 900 ಕೆಜಿ.

ರಸ್ತೆಯ ಅಗಲ

ಚಾಮರಾಜಪೇಟೆ ರೂಪುಗೊಂಡಿದ್ದು 1892ರಲ್ಲಿ. 1898ರ ಪ್ಲೇಗ್ ಆದ ಮೇಲೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಗಾಳಿ ಬೆಳಕು ಬರಲಿ ಅಂತ ಮೇನ್, ಕ್ರಾಸ್ ಲೆಕ್ಕದಲ್ಲಿ ನೇರ ಬೀದಿ ಹಾಕಿದರು. ಆದರೆ ಆಗ ಓಡಾಡ್ತಿದ್ದಿದ್ದು ಜಟಕಾ. ಬೀದಿಯ ಎರಡೂ ಬದಿ ಕಾರು ನಿಲ್ಲುತ್ತೆ ಅಂತ ಯಾರು ಊಹಿಸಿದ್ದರು?

ಲೆಕ್ಕಕ್ಕೆ 6 ಮೀಟರ್ ಟಾರು ಇರೋ ಒಂದು ಕ್ರಾಸ್ ರಸ್ತೆ ತಗೊಳ್ಳಿ. ಎರಡು ಬದಿಯ ಪಾರ್ಕಿಂಗ್‌ಗೆ ತಲಾ 1.8 ಮೀಟರ್ ಹೋದರೆ ಉಳಿಯೋದು 2.4 ಮೀಟರ್. ಪದ್ಮಿನಿಗೆ ಎಡಬಲ ತಲಾ 47 ಸೆಂ.ಮೀ. ಜಾಗ ಸಿಗುತ್ತೆ. ಕ್ವಾಟ್ರೊಪೋರ್ಟೆಗೆ ಸಿಗೋದು ತಲಾ 22 ಸೆಂ.ಮೀ., ಅದೂ ಕನ್ನಡಿ ಲೆಕ್ಕಕ್ಕೆ ತಗೊಳ್ಳದೆ. ಕನ್ನಡಿ ಮಡಚಿಕೊಂಡೇ ಹೋಗಬೇಕು.

ತಿರುವಿನಲ್ಲಿ ಇನ್ನೊಂದು ಸಮಸ್ಯೆ ಇದೆ. ಹಿಂದಿನ ಚಕ್ರ ಮುಂದಿನ ಚಕ್ರದ ದಾರಿ ಹಿಡಿಯಲ್ಲ, ಒಳಕ್ಕೆ ಕತ್ತರಿಸುತ್ತೆ. ಮುಂದಿನ ಚಕ್ರ 6 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಪೈಥಾಗೊರಸ್ ಪ್ರಕಾರ ಪದ್ಮಿನಿಯ ಹಿಂದಿನ ಚಕ್ರ ಸುಮಾರು 47 ಸೆಂ.ಮೀ. ಒಳಗೆ ಸರಿಯುತ್ತೆ, ಕ್ವಾಟ್ರೊಪೋರ್ಟೆಯದು ಸುಮಾರು 90 ಸೆಂ.ಮೀ. ಹಳೇ ಮನೆಗಳ ಕಲ್ಲಿನ ಗೇಟ್ ಕಂಬ ಇರೋದು ಸರಿಯಾಗಿ ಅಲ್ಲೇ.

ಹಂಪಿನ ಗಣಿತ

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ಹಂಪು 17 ಮೀಟರ್ ತ್ರಿಜ್ಯದ ಕಮಾನು: 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಕಾರಿನ ನಾಲ್ಕೂ ಚಕ್ರ ಆ ಕಮಾನಿನ ಮೇಲೇ ಇದ್ದಾಗ ಹೊಟ್ಟೆಯ ಕಡೆಗೆ ಕಮಾನು ಎಷ್ಟು ಏರುತ್ತೆ? ವೀಲ್‌ಬೇಸ್‌ನ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿ. ಪದ್ಮಿನಿಗೆ 4 ಸೆಂ.ಮೀ., ಕ್ವಾಟ್ರೊಪೋರ್ಟೆಗೆ 7.4 ಸೆಂ.ಮೀ. ವೀಲ್‌ಬೇಸ್ ಶೇ. 35ರಷ್ಟೇ ಜಾಸ್ತಿ, ಆದರೆ ವರ್ಗ ಮಾಡಿದಾಗ ಬೇಕಾಗೋ ಎತ್ತರ ಹತ್ತಿರ ಹತ್ತಿರ ಎರಡರಷ್ಟು. ಆದರೂ ನಿಯಮದ ಪ್ರಕಾರ ಕಟ್ಟಿದ ಹಂಪನ್ನು ಎರಡೂ ದಾಟುತ್ತವೆ.

ತೊಂದರೆ ಇರೋದು ರಾತ್ರೋರಾತ್ರಿ ಗುಡ್ಡೆ ಹಾಕಿದ ಹಂಪಿನಲ್ಲಿ. ಅದು ಅರ್ಧ ಮೀಟರ್ ಅಗಲ, 15 ಸೆಂ.ಮೀ. ಎತ್ತರ ಇದ್ದರೆ ಮುಂದಿನ ಚಕ್ರ ಆ ಕಡೆ, ಹಿಂದಿನ ಚಕ್ರ ಈ ಕಡೆ ಇರುತ್ತೆ, ಹಂಪಿನ ಪೂರ್ತಿ ಎತ್ತರ ಹೊಟ್ಟೆಗೇ. ಅಲ್ಲಿ ವೀಲ್‌ಬೇಸ್ ಲೆಕ್ಕಕ್ಕೇ ಬರಲ್ಲ, ನೆಲದಿಂದ ಕಾರಿನ ಎತ್ತರ ಮಾತ್ರ ಮುಖ್ಯ. ಹೆದ್ದಾರಿಯಲ್ಲಿ ನೆಲ ಕಚ್ಚಿ ಓಡಲಿ ಅಂತಲೇ ಕೆಳಗೆ ಕೂರಿಸಿದ ಕಾರು ಅಲ್ಲಿ ಸೋಲುತ್ತೆ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿಕೊಂಡು ಹೋಗೋದು ಇದೇ ಕಾರಣಕ್ಕೆ.

ಜಾಮಿನಲ್ಲಿ ಶಾಖ

ಕ್ಲಚ್ ಹಿಡಿದು ಕಾರು ಹೊರಡಿಸಿದಾಗೆಲ್ಲ ಕಾರಿಗೆ ಸಿಕ್ಕ ಚಲನಶಕ್ತಿಯಷ್ಟೇ ಶಕ್ತಿ ಹೆಚ್ಚುಕಮ್ಮಿ ಕ್ಲಚ್ಚಿನಲ್ಲಿ ಶಾಖವಾಗಿ ಹೋಗುತ್ತೆ. ಕ್ಲಚ್ ಪೂರ್ತಿ ಹಿಡಿಯೋ ಹೊತ್ತಿಗೆ ವೇಗ ಗಂಟೆಗೆ 10 ಕಿ.ಮೀ. ಆಗಿದ್ದರೆ ಪದ್ಮಿನಿಯಲ್ಲಿ ಸುಮಾರು 3.5 ಕಿಲೋಜೂಲ್, 1,900 ಕೆಜಿ ಕಾರಿನಲ್ಲಿ 7.3. ವೇಗ ದುಪ್ಪಟ್ಟಾದರೆ ಶಾಖ ನಾಲ್ಕರಷ್ಟು. ಈಗ ರಾಮಕೃಷ್ಣ ಆಶ್ರಮದಿಂದ ಮಿನರ್ವ ವೃತ್ತದವರೆಗೆ ಸಂಜೆ ಆರಕ್ಕೆ ಎಷ್ಟು ಸಲ ನಿಂತು ಹೊರಡ್ತೀರಿ ಎಣಿಸಿಕೊಳ್ಳಿ. 2003ರ ಕ್ವಾಟ್ರೊಪೋರ್ಟೆಯಲ್ಲಿ ರೇಸ್ ಕಾರಿನ ಥರ ಯಂತ್ರವೇ ಕ್ಲಚ್ ಒತ್ತಿ ಬಿಡುವ ಡ್ಯುಯೊಸೆಲೆಕ್ಟ್ ಗೇರ್‌ಬಾಕ್ಸ್ ಇತ್ತು. ನಗರದ ಜಾಮಿಗೆ ಅದು ಹೇಳಿಸಿದ್ದಲ್ಲ. 2007ರಲ್ಲಿ ಝಡ್‌ಎಫ್ ಆಟೊಮ್ಯಾಟಿಕ್ ಬಂತು. ಅದರಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತೆ. ಜಾರೋದು ಎಣ್ಣೆ, ಆ ಶಾಖವನ್ನು ಕೂಲರ್ ಹೊರಗೆ ಹಾಕುತ್ತೆ, ಸವೆಯೋಕೆ ಅಲ್ಲಿ ಪ್ಲೇಟ್ ಇಲ್ಲ. "ದಿನಾ ಓಡಿಸೋಕಾಗುತ್ತಾ" ಅನ್ನೋ ಪ್ರಶ್ನೆಗೆ ಕಂಪನಿಯೇ ಕೊಟ್ಟ ಉತ್ತರ ಇದು ಅನ್ನಬಹುದು.

ನಿಂತಲ್ಲೇ ತಂಪಾಗಿಸೋ ವಿಷಯದಲ್ಲಿ ಹೊಸ ಕಾರೇ ಮೇಲು. ಅದರ ಫ್ಯಾನ್ ಕರೆಂಟಿನದು, ಎಂಜಿನ್ ವೇಗ ಎಷ್ಟೇ ಇರಲಿ ಬೇಕಾದಾಗ ಜೋರಾಗಿ ತಿರುಗುತ್ತೆ. ಪದ್ಮಿನಿಯ ಫ್ಯಾನ್ ಬೆಲ್ಟಿನ ಮೇಲೆ ತಿರುಗೋದು. ಗಾಳಿ ಹೆಚ್ಚು ಬೇಕಾದ ಜಾಮಿನಲ್ಲೇ ಎಂಜಿನ್ ನಿಧಾನ, ಫ್ಯಾನೂ ನಿಧಾನ. ಪೆಟ್ರೋಲ್ ಪಂಪ್ ಕೂಡ ಎಂಜಿನ್ನಿಗೇ ಅಂಟಿಕೊಂಡಿರೋದ್ರಿಂದ ಕಾದು, ಪೆಟ್ರೋಲ್ ಆವಿಯಾಗಿ ಪೂರೈಕೆ ನಿಲ್ಲಬಹುದು. ಹಳೇ ಡ್ರೈವರುಗಳು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಮೂಢನಂಬಿಕೆ ಅಲ್ಲ, ಅದು ಥರ್ಮೊಡೈನಮಿಕ್ಸ್.

ಬೆಂಗಳೂರಿನ ಗಾಳಿ, ಈಗಿನ ಪೆಟ್ರೋಲ್

ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಶೇ. 9ರಷ್ಟು ತೆಳು. ಕಾರ್ಬ್ಯುರೇಟರಿನಲ್ಲಿ ಗಾಳಿಯ ತೂಕ ಸಾಂದ್ರತೆಯ ಪ್ರಮಾಣದಲ್ಲಿ ಇಳಿದರೆ ಪೆಟ್ರೋಲ್ ಅದರ ವರ್ಗಮೂಲದ ಪ್ರಮಾಣದಲ್ಲಿ ಮಾತ್ರ ಇಳಿಯುತ್ತೆ. ಹಾಗಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಜೆಟ್ ಇಲ್ಲಿ ಸುಮಾರು ಶೇ. 5ರಷ್ಟು ಹೆಚ್ಚು ಪೆಟ್ರೋಲ್ ಕುಡಿಸುತ್ತೆ. ಟರ್ಬೊ ಇರೋ ಕಾರಿಗೆ ಈ ಚಿಂತೆ ಇಲ್ಲ, ಸೆನ್ಸರ್ ನೋಡಿಕೊಂಡು ಕಂಪ್ಯೂಟರೇ ಸರಿಮಾಡುತ್ತೆ.

ಈಗ ಬಂಕಿನಲ್ಲಿ ಸಿಗೋದು ಶೇ. 20 ಎಥನಾಲ್ ಬೆರೆಸಿದ ಇ20. ಒಂದು ಕೆಜಿ ಶುದ್ಧ ಪೆಟ್ರೋಲಿಗೆ 14.7 ಕೆಜಿ ಗಾಳಿ ಬೇಕಾದರೆ ಇದಕ್ಕೆ ಸುಮಾರು 13.5 ಸಾಕು. ಅಂದ್ರೆ ಅದೇ ಜೆಟ್ಟಿನಲ್ಲಿ ಮಿಶ್ರಣ ಸುಮಾರು ಶೇ. 8ರಷ್ಟು ತೆಳುವಾಗುತ್ತೆ. ಎತ್ತರ ಒಂದು ಕಡೆ ಎಳೆದರೆ ಎಥನಾಲ್ ಇನ್ನೊಂದು ಕಡೆ ಎಳೆಯುತ್ತೆ. ಬೆಂಗಳೂರಿನ ಪದ್ಮಿನಿಗೆ ಇದೊಂದು ಪುಕ್ಕಟೆ ಲಾಭ! ಆದರೆ ರಬ್ಬರಿನ ವಿಷಯದಲ್ಲಿ ಅಂಥ ಅದೃಷ್ಟ ಇಲ್ಲ. ಹಳೇ ಪೈಪು, ಪಂಪಿನ ಡಯಾಫ್ರಮ್ ಎಥನಾಲ್‌ಗೆ ಉಬ್ಬಿ ಬಿರುಕು ಬಿಡುತ್ತವೆ, ಎಥನಾಲ್ ತಡೆಯೋವನ್ನು ಹಾಕಿಸಲೇಬೇಕು. ಎಥನಾಲ್ ತೇವವನ್ನೂ ಹೀರುತ್ತೆ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ನೀರು ಬೇರೆಯಾಗಿ ತಳ ಸೇರಿ ತುಕ್ಕು ಹಿಡಿಸಬಹುದು.

ಇದರಿಂದ ತಿಳಿಯೋ ಮುಖ್ಯ ವಿಷಯ: ಕಾರನ್ನು ಕೊಲ್ಲೋದು ಓಡಾಟಕ್ಕಿಂತ ಹೆಚ್ಚಾಗಿ ನಿಲುಗಡೆ. ಓಡ್ತಿದ್ದರೆ ಪೆಟ್ರೋಲ್ ಹಳಸಲ್ಲ, ಸೀಲ್ ಒಣಗಲ್ಲ, ಬ್ಯಾಟರಿ ಸಾಯಲ್ಲ. ಶೋಕಿಗೆ ತಂದು ಶೆಡ್ಡಿನಲ್ಲಿಟ್ಟ ಮಾಸೆರಾಟಿಗೂ ಇದೇ ಮಾತು.

ಹಾಗಾದ್ರೆ ಇಟ್ಟುಕೊಳ್ಳಬೇಕಾ?

ಖರ್ಚು ನೋಡಿ. 20 ಲಕ್ಷ ದಾಟಿದ ಹೊಸ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್. ಕೋಟಿಗೆ 18 ಲಕ್ಷ ಆಯ್ತು, ಇನ್ನೂ ಒಂದು ಲೀಟರ್ ಪೆಟ್ರೋಲ್ ಹಾಕಿಸಿಲ್ಲ. ಪದ್ಮಿನಿಗೆ 20 ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣ ಶುಲ್ಕ 2025ರಿಂದ 10,000 ರೂಪಾಯಿ. ಜೊತೆಗೆ ಹಸಿರು ತೆರಿಗೆ. ಐದು ವರ್ಷಕ್ಕೊಮ್ಮೆ ತಪಾಸಣೆಯಲ್ಲಿ ಪಾಸಾಗಬೇಕು. ವಿಂಟೇಜ್ ಅಂತ ನೋಂದಾಯಿಸಬಹುದಲ್ಲ ಅಂತ ಕೆಲವರು ಕೇಳ್ತಾರೆ. ಅದಕ್ಕೆ 50 ವರ್ಷ ಆಗಿರಬೇಕು, ಮತ್ತು ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ಓಡಿಸೋ ಹಾಗಿಲ್ಲ. ಪ್ರದರ್ಶನಕ್ಕೆ ತರಬಹುದು, ತರಕಾರಿಗೆ ಗಾಂಧಿಬಜಾರಿಗೆ ತರೋ ಹಾಗಿಲ್ಲ.

ಅಪ್ಪನ ಆಕ್ಷೇಪಕ್ಕೂ ಅರ್ಥ ಇದೆ. ಪದ್ಮಿನಿಯಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಹೊಗೆ ತಪಾಸಣೆಯಲ್ಲಿ ಅಷ್ಟು ಹಳೇ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 3, ಬಿಎಸ್4 ಕಾರಿಗೆ ಶೇ. 0.3. ಪಾಸಾಗಿದೆ ಅಂದ್ರೆ ಶುದ್ಧವಾಗಿದೆ ಅಂತಲ್ಲ. ದಿನಾ ಕೆಲಸಕ್ಕೆ ಹೋಗೋದೇ ಉದ್ದೇಶ ಆಗಿದ್ದರೆ ನ್ಯಾಷನಲ್ ಕಾಲೇಜಿನಿಂದ ಸಂಪಿಗೆ ರಸ್ತೆಗೆ ಹಸಿರು ಮಾರ್ಗದ ಮೆಟ್ರೊ ನೇರ ಹೋಗುತ್ತೆ. ಎರಡು ಇಟಲಿ ಕಾರುಗಳೂ ಅದರ ಮುಂದೆ ಸೋಲುತ್ತವೆ.

ಈ ಲೆಕ್ಕವನ್ನೆಲ್ಲ ಹಾಳೆಯಲ್ಲಿ ಬರೆದು ಮನೆಯಲ್ಲಿ ಇಟ್ಟೆ. ಕೊನೆಗೆ ಆದ ಒಪ್ಪಂದ ಇದು: ಪೆಟ್ರೋಲ್ ಪೈಪು, ಡಯಾಫ್ರಮ್, ಬ್ರೇಕ್ ಲೈನಿಂಗ್ ಬದಲಾಯಿಸಿ ಎಫ್‌ಸಿಗೆ ಹಾಕೋದು. ಆಮೇಲೆ ವಾರಕ್ಕೆ ಮೂರು ದಿನ, ಬೆಳಿಗ್ಗೆ ಎಂಟರೊಳಗೆ, ಎಂಜಿನ್ ಪೂರ್ತಿ ಬಿಸಿಯಾಗೋಷ್ಟು ದೂರ ಓಡಿಸೋದು. ಉಳಿದ ದಿನ ಎಲ್ಲರಿಗೂ ಮೆಟ್ರೊ. ತಾತ ಹಾಳೆಯನ್ನು ಎರಡು ಸಲ ಓದಿ, "ಹಂಪಿನ ಲೆಕ್ಕ ಸರಿ ಇದೆ, ಆದರೆ ಓಡಿಸೋನು ಯಾರು ಅಂತ ಬರೆದಿಲ್ಲವಲ್ಲೋ" ಅಂದ್ರು. ಅವರಿಗೆ ಈಗ 80. ಹಾಗಾಗಿ ಬರೋ ಭಾನುವಾರದಿಂದ ಸ್ಟೀರಿಂಗ್ ಪಕ್ಕದ ಗೇರ್ ಹಾಕೋದನ್ನು ನಾನು ಕಲೀಬೇಕು.