ಅಪ್ಪ ಹೇಳುವ ಎಂಬಿಎ, ನೀವು ಓದುವ ಎಂಬಿಎ

ಈ ವಾರದ ಮಾತು ಎಂಬಿಎ ಬಗ್ಗೆ. ಕನ್ನಡ ಎಂಎ ಓದಿದ ಆಂಟಿಗೂ ಎಂಬಿಎಗೂ ಏನು ಸಂಬಂಧ ಅಂತ ನೀವು ನಗಬಹುದು. ನನ್ನ ಡಿಗ್ರಿಗೂ ಅದಕ್ಕೂ ನಡುವೆ ಇರುವುದು ಒಂದೇ ಒಂದು ಅಕ್ಷರ! ಆದರೆ ನನ್ನ ನಾದಿನಿಯ ಮಗಳು ನಮ್ಮ ಮನೆಯಲ್ಲೇ ಇದ್ದುಕೊಂಡು ಎಂಬಿಎಗೆ ಅರ್ಜಿ ಹಾಕಿದಳು. ಅವಳ ಪರೀಕ್ಷೆ, ಪ್ರಬಂಧ, ಸಂದರ್ಶನ, ಸಾಲದ ಲೆಕ್ಕ ಎಲ್ಲವೂ ನಮ್ಮ ಊಟದ ಮೇಜಿನ ಮೇಲೆಯೇ ನಡೆದವು. ಇನ್ನು ಕನ್ನಡ ಕೂಟದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಕೂತರೆ, ನಿಮ್ಮ ಅಮ್ಮಂದಿರ ಬಾಯಲ್ಲಿ ನಿಮ್ಮೆಲ್ಲರ ಭವಿಷ್ಯದ ಚರ್ಚೆಯೂ ಕೇಳಿಸುತ್ತದೆ.

ಅಲ್ಲಿ ನಾನು ಮತ್ತೆ ಮತ್ತೆ ಕೇಳಿದ ಒಂದು ಜಗಳ ಇದೆ. ಅಪ್ಪ ಹೇಳುತ್ತಾರೆ: "ಡಿಗ್ರಿ ಮುಗಿದ ಕೂಡಲೇ ಎಂಬಿಎ ಮುಗಿಸಿಬಿಡು. ಒಂದು ಸಲ ಕೆಲಸಕ್ಕೆ ಸೇರಿದರೆ ಆಮೇಲೆ ಓದೋಕೆ ಮನಸ್ಸು ಬರಲ್ಲ." ಮಗ ಹೇಳುತ್ತಾನೆ: "ಇಲ್ಲಿ ಹಾಗೆ ಮಾಡಲ್ಲ ಅಪ್ಪಾ, ನಿಮಗೆ ಗೊತ್ತಾಗಲ್ಲ." ಅಪ್ಪನಿಗೆ ಇದು ಸೋಮಾರಿತನದ ನೆಪ ಅನ್ನಿಸುತ್ತದೆ. ಮಗನಿಗೆ ಅಪ್ಪ ಹಟಮಾರಿ ಅನ್ನಿಸುತ್ತಾರೆ. ನನ್ನ ಪ್ರಕಾರ ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದಾರೆ. ಒಂದೇ ಹೆಸರಿನ ಎರಡು ಬೇರೆ ಬೇರೆ ವಸ್ತುಗಳ ಬಗ್ಗೆ ಮಾತಾಡುತ್ತಿದ್ದಾರೆ, ಅಷ್ಟೇ.

ಅಪ್ಪನ ತಲೆಯಲ್ಲಿರುವುದು ಊರಿನ ಎಂಬಿಎ. ಭಾರತದಲ್ಲಿ ಐಐಎಂಗಳು ಶುರುವಾಗಿದ್ದು 1961ರಲ್ಲಿ, ಕಲ್ಕತ್ತ ಮತ್ತು ಅಹಮದಾಬಾದಿನಲ್ಲಿ. ಕಲ್ಕತ್ತಕ್ಕೆ ಎಂಐಟಿಯ ನೆರವು, ಅಹಮದಾಬಾದಿಗೆ ಹಾರ್ವರ್ಡಿನ ನೆರವು ಇತ್ತು. ಬೆಂಗಳೂರಿಗೆ ಐಐಎಂ ಬಂದಿದ್ದು 1973ರಲ್ಲಿ. ರಜೆಗೆ ಹೋದಾಗ ಬನ್ನೇರುಘಟ್ಟ ರಸ್ತೆಯ ಕಡೆ ಹೋದರೆ ಗೇಟಿನ ಹೊರಗಿಂದಾದರೂ ನೋಡಿ. ಬಿ. ವಿ. ದೋಶಿ ವಿನ್ಯಾಸ ಮಾಡಿದ ಕಲ್ಲಿನ ಕಟ್ಟಡ, ಬಹಳ ಚೆಂದ. ಅಲ್ಲಿಗೆ ಸೇರಲು ಕ್ಯಾಟ್ ಪರೀಕ್ಷೆ ಬರೆಯಬೇಕು. ವರ್ಷಕ್ಕೆ ಒಂದೇ ಸಲ, ಲಕ್ಷಗಟ್ಟಲೆ ಜನ. ಬಿಇ ಅಥವಾ ಬಿಕಾಂ ಮುಗಿಸಿದ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ ಹುಡುಗಿಯರು ನೇರವಾಗಿ ಸೇರುತ್ತಾರೆ. ಕರ್ನಾಟಕದ ಉಳಿದ ಕಾಲೇಜುಗಳಿಗೂ ಪಿಜಿಸಿಇಟಿ ಬರೆದು ಡಿಗ್ರಿಯ ಬೆನ್ನಲ್ಲೇ ಸೇರುವುದು ಸಾಮಾನ್ಯ. ಎರಡು ವರ್ಷ ಓದಿ, ಕ್ಯಾಂಪಸ್‌ನಲ್ಲೇ ಕೆಲಸ ಹಿಡಿದು ಹೊರಬರುತ್ತಾರೆ. ಅಂದರೆ ಅಲ್ಲಿ ಎಂಬಿಎ ಅನ್ನುವುದು ಹೆಚ್ಚಿನವರಿಗೆ ಮೊದಲ ಕೆಲಸಕ್ಕೆ ಬಾಗಿಲು. ಅಪ್ಪ ಹೇಳಿದ್ದು ಆ ಲೆಕ್ಕಕ್ಕೆ ಪೂರ್ತಿ ಸರಿ.

ಇಲ್ಲಿ ಅಮೆರಿಕದಲ್ಲಿ ಅದು ಎರಡನೆಯ ಕೆಲಸಕ್ಕೆ ಬಾಗಿಲು. ಡಾರ್ಟ್‌ಮತ್ ಕಾಲೇಜಿನ ಟಕ್ ಸ್ಕೂಲ್ 1900ರಲ್ಲಿ ಶುರುವಾಯಿತು, ವ್ಯವಹಾರ ಕಲಿಸುವ ಮೊದಲ ಸ್ನಾತಕೋತ್ತರ ಶಾಲೆ ಅದೇ. ಎಂಬಿಎ ಅನ್ನುವ ಹೆಸರಿನ ಡಿಗ್ರಿ ಬಂದಿದ್ದು 1908ರಲ್ಲಿ, ಹಾರ್ವರ್ಡಿನಲ್ಲಿ. ಈಗ ಹೆಸರಾಂತ ಶಾಲೆಗಳ ತರಗತಿಯಲ್ಲಿ ಕೂತವರನ್ನು ನೋಡಿದರೆ, ಸರಾಸರಿ ಐದು ವರ್ಷದ ಆಸುಪಾಸು ಕೆಲಸ ಮಾಡಿ ಬಂದವರು. ಒಬ್ಬಳು ಆಸ್ಪತ್ರೆಯಲ್ಲಿದ್ದಳು, ಒಬ್ಬ ಸೈನ್ಯದಲ್ಲಿದ್ದ, ಇನ್ನೊಬ್ಬ ಬ್ಯಾಂಕಿನಲ್ಲಿದ್ದ. ಪಾಠದ ಅರ್ಧ ಭಾಗ ಇವರ ಅನುಭವವೇ. ಕಾಲೇಜಿನಿಂದ ನೇರ ಬಂದವರ ಬಳಿ ಹಂಚಿಕೊಳ್ಳಲು ಏನಿದೆ ಅಂತ ಶಾಲೆ ಕೇಳುತ್ತದೆ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಹಾರ್ವರ್ಡಿನ ಟೂ ಪ್ಲಸ್ ಟೂ ಥರದ ಯೋಜನೆಗಳಲ್ಲಿ ಕಾಲೇಜಿನ ಕೊನೆಯ ವರ್ಷದಲ್ಲೇ ಅರ್ಜಿ ಹಾಕಿ ಸೀಟು ಕಾದಿರಿಸಬಹುದು. ಆಮೇಲೆ ಕೆಲವು ವರ್ಷ ಕೆಲಸ ಮಾಡಿ ಸೇರಬೇಕು. ಅಪ್ಪನೂ ಮಗನೂ ಇಬ್ಬರೂ ಒಪ್ಪಬಹುದಾದ ದಾರಿ ಇದು. ಸೀಟು ಸಿಗುವುದು ಮಾತ್ರ ಬಹಳ ಕಷ್ಟ.

ಅಪ್ಪನ ಮಾತಿನಲ್ಲಿ ಇನ್ನೊಂದು ಸತ್ಯವೂ ಇದೆ. ಓದುವ ಅಭ್ಯಾಸ ತಪ್ಪುತ್ತದೆ ಅನ್ನುವುದು ನಿಜ. ಇಲ್ಲಿನ ಪ್ರವೇಶಕ್ಕೆ ಜಿಮ್ಯಾಟ್ ಅಥವಾ ಜಿಆರ್‌ಇ ಬರೆಯಬೇಕು. ಈಗಿನ ಜಿಮ್ಯಾಟ್ ಎರಡೂಕಾಲು ಗಂಟೆಯದು. ಗಣಿತ, ಭಾಷೆ, ಮಾಹಿತಿಯ ವಿಶ್ಲೇಷಣೆ ಅಂತ ಮೂರು ಭಾಗ, ಒಂದೊಂದಕ್ಕೆ 45 ನಿಮಿಷ. ಅಂಕ 205ರಿಂದ 805ರವರೆಗೆ. ಆ ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ! ಹಾಗಾಗಿ ಕಾಲೇಜಿನ ಕೊನೆಯ ವರ್ಷದಲ್ಲೋ, ಮುಗಿದ ಮರುಬೇಸಿಗೆಯಲ್ಲೋ, ಲೆಕ್ಕ ಇನ್ನೂ ಕೈಯಲ್ಲಿರುವಾಗಲೇ ಬರೆದಿಟ್ಟುಕೊಳ್ಳಿ. ನಮ್ಮ ಹುಡುಗಿ ಕೆಲಸಕ್ಕೆ ಸೇರಿದ ಮೂರನೇ ವರ್ಷದಲ್ಲಿ ರಾತ್ರಿ ಹತ್ತಕ್ಕೆ ಭಿನ್ನರಾಶಿ ಬಿಡಿಸುತ್ತಾ "ಅತ್ತೆ, ಇದೆಲ್ಲ ಎಂಟನೇ ಕ್ಲಾಸಿನಲ್ಲಿ ಬರ್ತಿತ್ತು" ಅಂತ ಗೋಳಾಡುತ್ತಿದ್ದಳು.

ಸರಿ, ಅಲ್ಲಿ ಕಲಿಸುವುದಾದರೂ ಏನು? ಅಕೌಂಟಿಂಗ್, ಫೈನಾನ್ಸ್, ಮಾರ್ಕೆಟಿಂಗ್, ಆಪರೇಷನ್ಸ್ ಅಂತ ಪಟ್ಟಿ ಹೇಳಿದರೆ ನಿದ್ದೆ ಬರುತ್ತದೆ. ನಮ್ಮ ಕೂಟದ ಯುಗಾದಿ ಊಟವನ್ನೇ ತೆಗೆದುಕೊಳ್ಳೋಣ. ಹಾಲ್ ಬಾಡಿಗೆ, ಮೈಕು ಎಲ್ಲ ಸೇರಿ 1,800 ಡಾಲರ್ ಅಂತ ಇಟ್ಟುಕೊಳ್ಳಿ. ಒಬ್ಬರೇ ಬಂದರೂ ಅಷ್ಟೇ, ಐನೂರು ಜನ ಬಂದರೂ ಅಷ್ಟೇ. ಒಂದು ಎಲೆಯ ಊಟಕ್ಕೆ 9 ಡಾಲರ್ ಖರ್ಚು, ಟಿಕೆಟ್ 15 ಡಾಲರ್. ಒಬ್ಬರಿಂದ ಉಳಿಯುವುದು 6 ಡಾಲರ್. ಹಾಗಾದರೆ 300 ಜನ ಬಂದರೆ ಅಸಲು ಬಂತು. ಮುನ್ನೂರ ಒಂದನೆಯವರಿಂದ ಲಾಭ.

ಈಗ ಒಬ್ಬರು ಸಭೆಯಲ್ಲಿ ಎದ್ದು "ವಿದ್ಯಾರ್ಥಿಗಳಿಗೆ 10 ಡಾಲರಿಗೆ ಕೊಡೋಣ" ಅನ್ನುತ್ತಾರೆ. ಖಜಾಂಚಿ "ನಷ್ಟ ಆಗುತ್ತೆ" ಅನ್ನುತ್ತಾರೆ. ಯಾರು ಸರಿ? ಹಾಲಿನಲ್ಲಿ ಕುರ್ಚಿ ಖಾಲಿ ಉಳಿಯುವುದಾದರೆ, ಆ ವಿದ್ಯಾರ್ಥಿಯಿಂದ 1 ಡಾಲರ್ ಆದರೂ ಬಾಡಿಗೆಗೆ ಸೇರುತ್ತದೆ, ನಷ್ಟವಿಲ್ಲ. ಹಾಲ್ ತುಂಬುವ ಹಾಗಿದ್ದರೆ, ಅವನು ಕೂತ ಜಾಗದಲ್ಲಿ 15 ಡಾಲರ್ ಕೊಡುವವರು ಕೂರಬಹುದಿತ್ತು. ಆಗ ಖಜಾಂಚಿ ಸರಿ. ಅದೇ ಟಿಕೆಟ್, ಅದೇ ಊಟ, ಆದರೆ ಉತ್ತರ ಬೇರೆ. ಎಂಬಿಎ ತರಗತಿಯಲ್ಲಿ ಇಂಥದ್ದನ್ನು ವಿಮಾನದ ಸೀಟು, ಹೋಟೆಲ್ ಕೋಣೆ ಇಟ್ಟುಕೊಂಡು ಬಿಡಿಸುತ್ತಾರೆ.

ಇನ್ನು ದೋಸೆ. ಎರಡು ಕಾವಲಿ, ಒಂದೊಂದರ ಮೇಲೆ ಎರಡು ದೋಸೆ, ಒಂದು ಸುತ್ತಿಗೆ ಮೂರು ನಿಮಿಷ. ಗಂಟೆಗೆ 80 ದೋಸೆ. 300 ಜನಕ್ಕೆ ಒಂದೊಂದೇ ದೋಸೆ ಕೊಡಲು ಮೂರೂಮುಕ್ಕಾಲು ಗಂಟೆ! ಕ್ಯೂ ಬೆಳೆಯುತ್ತದೆ, ನಾವು ಚಟ್ನಿ ಬಡಿಸಲು ಇನ್ನಿಬ್ಬರನ್ನು ನಿಲ್ಲಿಸುತ್ತೇವೆ, ಕ್ಯೂ ಒಂದು ಅಂಗುಲವೂ ಕರಗುವುದಿಲ್ಲ. ಕೆಲಸ ಸಿಕ್ಕಿಕೊಂಡಿರುವುದು ಕಾವಲಿಯಲ್ಲಿ. ಮೂರನೇ ಕಾವಲಿ ಇಡಬೇಕು, ಇಲ್ಲವೇ ಮೆನು ಬದಲಾಯಿಸಬೇಕು. ನಮ್ಮ ಕೂಟ ಬಿಸಿಬೇಳೆಬಾತಿಗೆ ತಿರುಗಿದ್ದು ಸುಮ್ಮನೆ ಅಲ್ಲ. ಕಾರ್ಖಾನೆ, ಆಸ್ಪತ್ರೆ, ವಿಮಾನ ನಿಲ್ದಾಣ ಎಲ್ಲ ಕಡೆ ಆಪರೇಷನ್ಸ್ ಪಾಠದ ಮೊದಲ ಪ್ರಶ್ನೆ ಇದೇ: ಕಾವಲಿ ಎಲ್ಲಿದೆ?

ಪಾಠ ಮಾಡುವ ರೀತಿಯೂ ಬೇರೆ. 1920ರ ದಶಕದಲ್ಲಿ ಹಾರ್ವರ್ಡಿನಲ್ಲಿ ಬೆಳೆದ ಕೇಸ್ ಪದ್ಧತಿ ಈಗ ಬಹಳ ಶಾಲೆಗಳಲ್ಲಿದೆ. ಒಂದು ಕಂಪನಿಯ ನಿಜವಾದ ಸಂಕಟವನ್ನು ಹತ್ತಿಪ್ಪತ್ತು ಪುಟದಲ್ಲಿ ಬರೆದು ಹಿಂದಿನ ದಿನ ಕೊಡುತ್ತಾರೆ. ಮರುದಿನ ಪ್ರೊಫೆಸರ್ ನಿಮ್ಮ ಕಡೆ ತಿರುಗಿ "ನೀವೇ ಮುಖ್ಯಸ್ಥರಾಗಿದ್ದರೆ ಏನು ಮಾಡುತ್ತಿದ್ದಿರಿ?" ಅನ್ನುತ್ತಾರೆ. ತರಗತಿಯಲ್ಲಿ ಆಡಿದ ಮಾತಿಗೆ ಅಂಕದ ದೊಡ್ಡ ಪಾಲು ಇರುತ್ತದೆ. ನಮ್ಮ ಮನೆಗಳಲ್ಲಿ "ದೊಡ್ಡವರು ಮಾತಾಡುವಾಗ ಬಾಯಿ ಹಾಕಬೇಡ" ಅಂತ ಬೆಳೆಸಿದ ಮಕ್ಕಳಿಗೆ ಇದು ಮೊದಲ ತಿಂಗಳು ನರಕ. ಚೆನ್ನಾಗಿ ಓದಿಕೊಂಡು ಹೋಗಿಯೂ ಸುಮ್ಮನೆ ಕೂತರೆ ಓದದೇ ಬಂದವನಿಗೂ ನಿಮಗೂ ವ್ಯತ್ಯಾಸ ಕಾಣುವುದಿಲ್ಲ. ಕೂಟದ ನಾಟಕಕ್ಕೋ ನಿರೂಪಣೆಗೋ ಕರೆದಾಗ ತಪ್ಪಿಸಿಕೊಳ್ಳಬೇಡಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಸ್ವಲ್ಪ ಸ್ವಾರ್ಥವೂ ಇದೆ, ನಮಗೆ ನಿರೂಪಕರು ಸಿಗುತ್ತಿಲ್ಲ.

ಈಗ ದುಡ್ಡಿನ ವಿಷಯ. ಇಲ್ಲಿ ಯಾರೂ ಮುಲಾಜಿಗೆ ಬೀಳಬಾರದು. ಹೆಸರಾಂತ ಶಾಲೆಗಳಲ್ಲಿ ಬರೀ ಫೀಸೇ ವರ್ಷಕ್ಕೆ 75 ಸಾವಿರ ಡಾಲರ್ ಮೀರಿದೆ. ಬಾಡಿಗೆ, ಊಟ, ವಿಮೆ ಸೇರಿದರೆ ಎರಡು ವರ್ಷಕ್ಕೆ ಎರಡು ಲಕ್ಷ ಡಾಲರ್ ದಾಟುತ್ತದೆ. ಆದರೆ ಸರಿಯಾದ ಲೆಕ್ಕ ಅದಲ್ಲ. ಊಟ ಬಾಡಿಗೆ ಓದದಿದ್ದರೂ ಖರ್ಚಾಗುತ್ತಿತ್ತು, ಅದನ್ನು ಬಿಡಿ. ಬದಲಿಗೆ ಎರಡು ವರ್ಷ ಬಿಟ್ಟ ಸಂಬಳವನ್ನು ಸೇರಿಸಿ. ತೆರಿಗೆ ಕಳೆದು ಕೈಗೆ 60 ಸಾವಿರ ಬರುವವರಾದರೆ 1 ಲಕ್ಷ 20 ಸಾವಿರ, ಫೀಸು 1 ಲಕ್ಷ 50 ಸಾವಿರ, ಒಟ್ಟು 2 ಲಕ್ಷ 70 ಸಾವಿರ. ನಡುವಿನ ಬೇಸಿಗೆಯ ಇಂಟರ್ನ್‌ಶಿಪ್ ಸಂಬಳ, ಸಿಕ್ಕ ಸ್ಕಾಲರ್‌ಶಿಪ್ ಇದರಿಂದ ಕಳೆಯಿರಿ. ಉಳಿದಿದ್ದು ಎಂಬಿಎಯ ಬೆಲೆ. ಹುಡುಗಿಯರು ಫೋರ್ಟೆ ಫೌಂಡೇಶನ್ ಫೆಲೋಶಿಪ್ ಇರುವ ಶಾಲೆಗಳನ್ನು ನೋಡಿ. ಅದು ವ್ಯವಹಾರ ಓದುವ ಹೆಣ್ಣುಮಕ್ಕಳನ್ನು ಬೆಂಬಲಿಸುವ ಸಂಸ್ಥೆ.

ಸಾಲದ ನಿಯಮವೂ ಬದಲಾಗಿದೆ. ಮೊದಲೆಲ್ಲ ಅಮೆರಿಕದ ಪ್ರಜೆಗಳು ಸರ್ಕಾರದ ಗ್ರ್ಯಾಡ್ ಪ್ಲಸ್ ಸಾಲದಲ್ಲಿ ಪೂರ್ತಿ ಖರ್ಚನ್ನೂ ತೆಗೆಯಬಹುದಿತ್ತು. 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಆ ಸಾಲ ಇಲ್ಲ. ಎಂಬಿಎಯಂಥ ಕೋರ್ಸಿಗೆ ಸರ್ಕಾರಿ ಸಾಲ ವರ್ಷಕ್ಕೆ 20,500 ಡಾಲರ್, ಒಟ್ಟು ಒಂದು ಲಕ್ಷ ಮಾತ್ರ. ಮಿಕ್ಕಿದ್ದಕ್ಕೆ ಖಾಸಗಿ ಬ್ಯಾಂಕು, ಜೊತೆಗೆ ಅಪ್ಪ ಅಮ್ಮನ ಸಹಿ. "ಅಪ್ಪನಿಗೆ ತೊಂದರೆ ಕೊಡಲ್ಲ, ನಾನೇ ಸಾಲ ಮಾಡ್ತೀನಿ" ಅನ್ನುವ ನಿಮ್ಮ ಮಾತು ಈಗ ಮೊದಲಿನಷ್ಟು ಸುಲಭವಲ್ಲ. ಹಾಗಾಗಿ ಮನೆಯಲ್ಲಿ ಕೂತು ಮಾತಾಡುವುದು ಅರ್ಜಿ ಹಾಕುವ ಮೊದಲೇ ಆಗಬೇಕು, ಸೀಟು ಬಂದ ಮೇಲಲ್ಲ.

ಕಡಿಮೆ ಖರ್ಚಿನ ದಾರಿಗಳೂ ಇವೆ. ಕೆಲಸ ಬಿಡದೆ ಸಂಜೆ ಅಥವಾ ವಾರಾಂತ್ಯ ಓದುವುದು ಒಂದು. ಕಂಪನಿ ಕಟ್ಟಿಕೊಡುವ ಫೀಸಿನಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ನಿಮಗೆ ತೆರಿಗೆ ಬೀಳುವುದಿಲ್ಲ. ಆನ್‌ಲೈನ್ ಎಂಬಿಎ ಇನ್ನೊಂದು. ಇಲಿನಾಯ್ ವಿಶ್ವವಿದ್ಯಾಲಯ 2016ರಲ್ಲಿ ಇದನ್ನು ಶುರು ಮಾಡಿದಾಗ ಪೂರ್ತಿ ಕೋರ್ಸಿಗೆ ಇಪ್ಪತ್ತು ಸಾವಿರ ಡಾಲರಿನ ಆಸುಪಾಸು ಇತ್ತು. ಅಯೋವಾ ವಿಶ್ವವಿದ್ಯಾಲಯ ತನ್ನ ಪೂರ್ಣಾವಧಿ ಎಂಬಿಎಯನ್ನೇ ನಿಲ್ಲಿಸುವುದಾಗಿ 2017ರಲ್ಲಿ ಹೇಳಿತು, ಕೆಲಸದಲ್ಲಿರುವವರ ಕೋರ್ಸುಗಳನ್ನು ಉಳಿಸಿಕೊಂಡಿತು. ಫ್ರಾನ್ಸಿನ ಇನ್ಸಿಯಾಡ್‌ನಲ್ಲಿ ಒಂದೇ ವರ್ಷದ ಒಳಗೆ ಮುಗಿಯುತ್ತದೆ, ಒಂದು ವರ್ಷದ ಸಂಬಳ ಉಳಿಯಿತು. ಅನುಭವ ಇದ್ದವರಿಗೆ ಐಐಎಂ ಬೆಂಗಳೂರಿನಲ್ಲೂ ಒಂದು ವರ್ಷದ ಕೋರ್ಸ್ ಇದೆ. ಅಜ್ಜಿ ಮನೆಗೆ ಹತ್ತಿರ ಅನ್ನುವುದು ಅದರ ಮೇಲಿನ ಲಾಭ.

ಹಾಗಾದರೆ ಯಾರು ಮಾಡಬೇಕು? ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದಿದ್ದರೆ ಜಗಳ ಆಡಲು ಬನ್ನಿ. ನೀವು ಸಾಫ್ಟ್‌ವೇರ್ ಇಂಜಿನಿಯರ್, ಆ ಕೆಲಸ ಇಷ್ಟ, ಅದರಲ್ಲೇ ಮುಂದೆ ಹೋಗಬೇಕು ಅಂದರೆ ಇಷ್ಟು ದುಡ್ಡು ಸುರಿಯಬೇಕಿಲ್ಲ. ನಾಲ್ಕು ಜನರ ಎದುರು ಹೇಳಿಕೊಳ್ಳಲು ಎಂಬಿಎ ಬೇಕೆನ್ನುವವರೂ ಇದ್ದಾರೆ. ಅವರ ಜೊತೆ ನಾನು ವಾದ ಮಾಡುವುದಿಲ್ಲ. ಆದರೆ ಲ್ಯಾಬಿನಲ್ಲಿ ಕೂತು ಬೇಸತ್ತು ಕನ್ಸಲ್ಟಿಂಗ್‌ಗೆ ಹೋಗಬೇಕು, ಶಾಲೆಯಲ್ಲಿ ಕಲಿಸುತ್ತಿದ್ದು ಬ್ಯಾಂಕಿಂಗ್‌ಗೆ ಜಿಗಿಯಬೇಕು ಅನ್ನುವವರಿಗೆ ಇದು ನಿಜವಾಗಿ ಕೆಲಸಕ್ಕೆ ಬರುತ್ತದೆ. ಆ ಕಂಪನಿಗಳು ಹೊಸಬರನ್ನು ಹುಡುಕಿಕೊಂಡು ಬರುವುದೇ ಈ ಕ್ಯಾಂಪಸ್‌ಗಳಿಗೆ. ನೀವು ಸೇರಬೇಕೆಂದಿರುವ ಕೆಲಸದಲ್ಲಿ ಈಗಾಗಲೇ ಇರುವ ಐದು ಜನರ ಓದು ಏನು ಅಂತ ನೋಡಿ. ಐವರಲ್ಲಿ ನಾಲ್ವರು ಎಂಬಿಎ ಇಲ್ಲದೆ ಅಲ್ಲಿ ತಲುಪಿದ್ದರೆ ಅಪ್ಪನಿಗೆ ಅದನ್ನೇ ತೋರಿಸಿ.

ಅರ್ಜಿಯ ಪ್ರಬಂಧದ ಬಗ್ಗೆ ಒಂದು ಮಾತು, ಇದು ಭಾಷೆ ಓದಿದವಳ ಹಕ್ಕು ಅಂದುಕೊಳ್ಳಿ. ನಮ್ಮ ಮಕ್ಕಳು ಬರೆದು ತಂದ ಹಲವು ಪ್ರಬಂಧಗಳನ್ನು ನೋಡಿದ್ದೇನೆ. ಎಲ್ಲದರಲ್ಲೂ ಅಪ್ಪ ಎರಡು ಸೂಟ್‌ಕೇಸ್ ಹಿಡಿದು ಅಮೆರಿಕಕ್ಕೆ ಬಂದಿರುತ್ತಾರೆ. ಅದು ಅಪ್ಪನ ಕಥೆ, ಸೀಟು ಕೇಳುತ್ತಿರುವುದು ನೀವು. ನೀವು ತೆಗೆದುಕೊಂಡ ಒಂದು ನಿರ್ಧಾರ, ಅದರಿಂದ ಯಾರಿಗೆ ಏನಾಯಿತು ಅನ್ನುವುದನ್ನು ಬರೆಯಿರಿ.

ಬಹುತೇಕ ಶಾಲೆಗಳ ಮೊದಲ ಸುತ್ತಿನ ಅರ್ಜಿ ಸೆಪ್ಟೆಂಬರಿಗೆ, ಎರಡನೆಯದು ಜನವರಿ ಮೊದಲ ವಾರಗಳಿಗೆ ಮುಗಿಯುತ್ತದೆ. ಶಿಫಾರಸು ಪತ್ರ ಬರೆಯುವ ಮೇಲಧಿಕಾರಿಗೆ ಕನಿಷ್ಠ ಎರಡು ತಿಂಗಳು ಮೊದಲೇ ಹೇಳಿ. ಬರೆದ ಪ್ರಬಂಧವನ್ನು ಯಾರಾದರೂ ಓದಿ ನೋಡಬೇಕು ಅಂದರೆ ಕೂಟದ ಅಡುಗೆಮನೆಗೆ ತನ್ನಿ, ನಾನು ಅಲ್ಲೇ ಇರುತ್ತೇನೆ.